ದಿನದ ಬಾಡಿಗೆಯ ತವರು

ಹೆಣ್ಣುಮಕ್ಕಳಿಗೆ ವಿಶ್ರಾಂತಿ ಎಂದರೆ ತವರು. ಬೆಳಗ್ಗೆ ಎದ್ದವಳೇ ಒಲೆಯ ಮುಂದೆ ನಿಲ್ಲಬೇಕಾಗಿಲ್ಲ. ಯಾರೋ ಕಾಫಿ ಲೋಟ ತಂದು ಕೈಗಿಡುತ್ತಾರೆ. ಈ ಸುಖವನ್ನು ದಿನಕ್ಕಿಷ್ಟು ಎಂದು ಬಾಡಿಗೆಗೆ ಕೊಡುವ ಮನೆಗಳು ಈಗ ನಮ್ಮ ಕಡೆಯೂ ಬಂದಿವೆ. ತೆರಕಣಾಂಬಿಯಿಂದ ಗುಂಡ್ಲುಪೇಟೆಗೆ ಹೋಗಿ, ಊಟಿ ರಸ್ತೆ ಹಿಡಿದು ಹಂಗಳದಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆ ತಿರುಗಿದರೆ ಅವು ಕಾಣುತ್ತವೆ. ಕೆಂಪು ಹೆಂಚು, ಜಗಲಿ, ಸುತ್ತ ಹೊಲ. ಬೆಂಗಳೂರಿನವರು, ಕೇರಳದವರು ಶನಿವಾರ ಬಂದು ಭಾನುವಾರ ಸಂಜೆ ಹೊರಡುತ್ತಾರೆ.

ನಮ್ಮ ಸಂಬಂಧಿಕರಲ್ಲೊಬ್ಬಳು ಹೀಗೆ ಎರಡು ಕೋಣೆ ಕಟ್ಟಿಸಿದ್ದಾಳೆ. ಬಂದವರಿಗೆ ಮುದ್ದೆ, ಉಪ್ಸಾರು ಬೇಕಂತೆ. ಅದೂ ಸೌದೆ ಒಲೆಯದೇ ಆಗಬೇಕಂತೆ. ಗ್ಯಾಸ್ ಬಂದ ಮೇಲೆ ಹೊಗೆಯಿಂದ ಬಿಡುಗಡೆಯಾಯಿತು ಎಂದುಕೊಂಡಿದ್ದವಳು ಮತ್ತೆ ಊದುಗೊಳವೆ ಹಿಡಿದಿದ್ದಾಳೆ!

"ತವರುಮನೆ ಹಂಗೇ ಇತ್ತು ಅಂತ ಬುಕ್ಕಲ್ಲಿ ಬರ್ದು ಹೋಗವ್ರೆ ಕಣಕ್ಕಾ" ಎಂದಳು ಒಮ್ಮೆ.

"ನೀನು ತವರಿಗೆ ಹೋಗಿ ಎಷ್ಟು ದಿನವಾಯಿತು?" ಎಂದೆ.

"ರಜಾ ಬಂದ್ರೆ ಜನ ಬತ್ತರೆ, ಎಲ್ಲಿಗೋಗದಕ್ಕಾ? ದುಡ್ಡು ಕೊಟ್ಟವ್ರೆ, ಮಾಡ್ಬೇಕಲ್ವಾ?"

ದುಡ್ಡು ಕೊಟ್ಟಾಯಿತು, ಲೆಕ್ಕ ಮುಗಿಯಿತು. ಮುಗಿಯಿತೆ? ನಿಜವಾದ ತವರಿನ ವಿಶ್ರಾಂತಿಯೂ ಬಿಟ್ಟಿಯಾಗಿ ಸಿಗುತ್ತಿರಲಿಲ್ಲ. ನಾವು ಕಾಲು ಚಾಚಿ ಕುಳಿತಾಗ ಅತ್ತಿಗೆ ದುಡಿಯುತ್ತಿದ್ದಳು. ಅವಳು ತನ್ನ ತವರಿಗೆ ಹೊರಟಾಗ ನಾವು ಬಂದು ಮನೆ ನೋಡಿಕೊಳ್ಳುತ್ತಿದ್ದೆವು, ಮಗುವಿಗೆ ಜ್ವರವೆಂದರೆ ಅವಳೊಡನೆ ರಾತ್ರಿ ಕೂರುತ್ತಿದ್ದೆವು. ಆ ಋಣ ಸರಿಸಮವಾಗಿ ತೀರುತ್ತಿತ್ತೆಂದು ಹೇಳಲಾರೆ. ಎಷ್ಟೋ ಮನೆಗಳಲ್ಲಿ ತೀರಲೇ ಇಲ್ಲ. ಆದರೂ ಬಾಕಿ ಉಂಟೆಂಬ ಅರಿವಿತ್ತು. ನೋಟು ಎಣಿಸಿ ಕೊಟ್ಟವರಿಗೆ ಆ ಅರಿವಿನ ಗೊಡವೆಯಿಲ್ಲ. ಹಾಗೆಂದು ಎಲ್ಲರೂ ಒಂದೇ ಅಲ್ಲ. ಕೇರಳದಿಂದ ಬಂದಿದ್ದ ಅಜ್ಜಿಯೊಬ್ಬರು ಇವಳನ್ನು ಒಲೆಯ ಮುಂದಿನಿಂದ ಎಬ್ಬಿಸಿ, ಜಗಲಿಯಲ್ಲಿ ಕೂರಿಸಿ, ತಾವೇ ಕಾಫಿ ಮಾಡಿ ಕೊಟ್ಟರಂತೆ. ಬಾಡಿಗೆಯನ್ನು ಮಾತ್ರ ಪೂರ್ತಿ ತೆಗೆದುಕೊಂಡೆ ಎಂದು ನಕ್ಕಳು. ತೆಗೆದುಕೊಳ್ಳಬೇಕಾದ್ದೇ. ಮಗಳ ಕಾಲೇಜು ಫೀಸು ಆ ಎರಡು ಕೋಣೆಗಳಿಂದ ಬರುತ್ತಿದೆ. ಅತಿಥಿಯಿಂದ ಹಣವೇ ಎಂದು ಮೂಗು ಮುರಿಯುವುದು ಹೊಟ್ಟೆ ತುಂಬಿದವರ ಮಾತು.

ಬಂದವರು ಎಲ್ಲಕ್ಕಿಂತ ಹೆಚ್ಚು ಹೊಗಳುವುದು ಅಲ್ಲಿನ ಮೌನವನ್ನು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಕಾಡಂಚಿನ ರೈತರು ಆನೆಗೆ, ಹಂದಿಗೆ ಬೆಳೆ ಕಳೆದುಕೊಂಡೂ ಅಲ್ಲೇ ಬದುಕು ಮಾಡಿದ್ದಾರೆ. ಹೀಗೆಲ್ಲ ಉಳಿದು ಬಂದ ಮೌನದ ಬೆಲೆ ಕೋಣೆಯ ಬಾಡಿಗೆಯಲ್ಲಿ ಸೇರಿದೆಯೆ? ನೀರಿನ ಮಾತಂತೂ ಕೇಳಲೇಬೇಡಿ, ನಮ್ಮದು ಮಳೆನೆರಳಿನ ತಾಲ್ಲೂಕು.

ದೂರದ ವೇಲ್ಸ್ ದೇಶದಲ್ಲಿ ಈ ಕತೆ ಬಹಳ ಮುಂದಕ್ಕೆ ಹೋಗಿದೆ. ಅಲ್ಲಿ ಹಳ್ಳಿಯ ಕಲ್ಲುಮನೆಗಳನ್ನು ಹೊರಗಿನವರು ರಜೆ ಕಳೆಯಲೆಂದು ಕೊಂಡುಕೊಂಡು, ಊರಿನ ಹುಡುಗ ಹುಡುಗಿಯರಿಗೆ ಸ್ವಂತ ಮನೆ ಕೈಗೆಟುಕದಂತಾಯಿತು. 1979ರಿಂದ ಹಲವು ವರ್ಷ ಅಂಥ ಮನೆಗಳಿಗೆ ಬೆಂಕಿ ಇಟ್ಟವರೂ ಉಂಟು. ಆ ದಾರಿಯನ್ನು ನಾನು ಒಪ್ಪುವವಳಲ್ಲ; ತೆರಿಗೆಯ ದಾರಿ ವಾಸಿ. 2023ರಿಂದ ಅಲ್ಲಿನ ಸ್ಥಳೀಯ ಸಂಸ್ಥೆಗಳು ಎರಡನೆಯ ಮನೆ ಇಟ್ಟುಕೊಂಡವರಿಗೆ ಮಾಮೂಲಿ ಮನೆ ತೆರಿಗೆಯ ಮೇಲೆ ಶೇಕಡಾ 300ರವರೆಗೆ ಹೆಚ್ಚುವರಿಯಾಗಿ ಹಾಕಬಹುದು.

ನಮ್ಮಲ್ಲಿ ಇನ್ನೂ ಮನೆಯೊಡತಿ ಮನೆಯಲ್ಲೇ ಇದ್ದಾಳೆ, ಅದೇ ಸಮಾಧಾನ. ಆದರೆ 2020ರಲ್ಲಿ ಭೂಸುಧಾರಣಾ ಕಾಯ್ದೆ ತಿದ್ದುಪಡಿಯಾದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಲು ದಾರಿಯಾಗಿದೆ. ಹೋದ ತಿಂಗಳು ತಂಗಿದ್ದವರೊಬ್ಬರು ಇವಳ ಹೊಲ, ಮನೆ ಎರಡಕ್ಕೂ ಬೆಲೆ ಕೇಳಿ ಹೋಗಿದ್ದಾರೆ. ಕೊಂಡ ಮೇಲೂ ಅಡುಗೆಗೆ ಇವಳನ್ನೇ ಇಟ್ಟುಕೊಳ್ಳುತ್ತಾರಂತೆ. ಗಂಡ ಯೋಚನೆ ಮಾಡುತ್ತಿದ್ದಾನೆ.