ಗುಟ್ಟು ಯಾರ ಸೊತ್ತು?

ಬಳಗದ ಸಂಪಾದಕರು ನಮ್ಮಿಂದ ಕೇಳಿದ್ದು ಕೊಲೆಸ್ಟರಾಲ್ ಬಗ್ಗೆ ಎರಡು ಪುಟ. ಆ ವಿಷಯದಲ್ಲಿ ನಾವು ಹೇಳುವುದನ್ನೆಲ್ಲ ಸದಸ್ಯರು ಯುಗಾದಿ ಊಟದ ಸಾಲಿನಲ್ಲಿ ನಿಂತೇ ಕೇಳಿ ಮುಗಿಸಿದ್ದಾರೆ. ಕೇಳಿದ ಮೇಲೂ ಹೋಳಿಗೆಗೆ ತುಪ್ಪ ಹಾಕಿಸಿಕೊಂಡಿದ್ದಾರೆ. ಆದ್ದರಿಂದ ಈ ಸಲ ಬೇರೊಂದು ವಿಷಯ. ಒಬ್ಬ ಮನುಷ್ಯ ತನ್ನ ಬುದ್ಧಿಯಿಂದ, ಕೈಕೆಲಸದಿಂದ ಏನನ್ನೋ ಕಂಡುಹಿಡಿದರೆ ಅದು ಅವನ ಸೊತ್ತೇ, ಲೋಕದ ಸೊತ್ತೇ? ಬಚ್ಚಿಟ್ಟುಕೊಂಡರೆ ತಪ್ಪೇ? ನಮ್ಮ ವೃತ್ತಿಯಲ್ಲಿ ಇದು ದಿನನಿತ್ಯದ ಪ್ರಶ್ನೆ. ಆದರೆ ನಮಗೆ ತಿಳಿದಮಟ್ಟಿಗೆ ಇದಕ್ಕೆ ಒಳ್ಳೆಯ ಉತ್ತರ ಕೊಟ್ಟವನು ವೈದ್ಯನಲ್ಲ, ಲಂಡನ್ನಿನ ಒಬ್ಬ ಗಡಿಯಾರದವನು. ಹೆಸರು ಜಾರ್ಜ್ ಗ್ರಹಾಂ.

ಇಲ್ಲಿನ ಹಳೆಯ ಬಂಗಲೆಗಳಲ್ಲಿ, ಮ್ಯೂಸಿಯಮ್ಮುಗಳಲ್ಲಿ ಆಳೆತ್ತರದ ಮರದ ಪೆಟ್ಟಿಗೆಯೊಳಗೆ ನಿಂತ ಗಡಿಯಾರವನ್ನು ತಾವೆಲ್ಲ ನೋಡಿದ್ದೀರಿ. ನಮ್ಮ ಮಕ್ಕಳು 'ಗ್ರ್ಯಾಂಡ್‌ಫಾದರ್ ಕ್ಲಾಕ್' ಎನ್ನುತ್ತಾರೆ. ಆ ಹೆಸರು ಹಬ್ಬಿದ್ದು 1876ರ ಒಂದು ಅಮೆರಿಕನ್ ಹಾಡಿನಿಂದ. ಅಷ್ಟರಲ್ಲಿ ಗಡಿಯಾರಕ್ಕೇ 200 ವರ್ಷ ವಯಸ್ಸಾಗಿತ್ತು. ಕಸುಬಿನವರು ಅದನ್ನು ಲಾಂಗ್‌ಕೇಸ್ ಎನ್ನುತ್ತಾರೆ. ಸುಮಾರು 99 ಸೆಂಟಿಮೀಟರ್ ಉದ್ದದ ಲೋಲಕ ಒಂದು ಕಡೆಯಿಂದ ಇನ್ನೊಂದು ಕಡೆಗೆ ತೂಗಲು ಒಂದು ಸೆಕೆಂಡು ಬೇಕು. ಆ ಲೋಲಕಕ್ಕೆ, ಕೆಳಗಿಳಿಯುವ ತೂಕದ ಗುಂಡುಗಳಿಗೆ ಜಾಗ ಬೇಕಾಗಿಯೇ ಅಷ್ಟು ಎತ್ತರದ ಪೆಟ್ಟಿಗೆ.

ಪೆಟ್ಟಿಗೆಯ ನಯಗಾರಿಕೆಗೆ ಮರುಳಾಗದೆ ಸೆಕೆಂಡಿನ ಮುಳ್ಳನ್ನು ನೋಡಬೇಕು. ಸಾಧಾರಣ ಗಡಿಯಾರದಲ್ಲಿ ಈ ಮುಳ್ಳು ಒಂದು ಹೆಜ್ಜೆ ಮುಂದಿಟ್ಟು, ಕೂಡಲೇ ಕೂದಲೆಳೆಯಷ್ಟು ಹಿಂದಕ್ಕೆ ನಡುಗುತ್ತದೆ. ಒಳಗೆ ತೂಕದ ಗುಂಡು ಹಲ್ಲಿನ ಚಕ್ರವನ್ನು ಎಳೆಯುತ್ತಿರುತ್ತದೆ, ಲೋಲಕದೊಂದಿಗೆ ಆಡುವ ಎರಡು ಕೊಕ್ಕೆಗಳು ಒಂದೊಂದೇ ಹಲ್ಲನ್ನು ತಡೆದು ತಡೆದು ಬಿಡುತ್ತವೆ. ತಡೆದ ಮೇಲೂ ಲೋಲಕ ಇನ್ನಷ್ಟು ತೂಗುವುದರಿಂದ ಕೊಕ್ಕೆಯು ಚಕ್ರವನ್ನು ತುಸು ಹಿಂದಕ್ಕೆ ತಳ್ಳುತ್ತದೆ. ಈ ತಳ್ಳಾಟದಿಂದ ಲೋಲಕದ ಲಯ ಕೆಡುತ್ತದೆ. ಗ್ರಹಾಂ 1715ರ ಸುಮಾರಿಗೆ, ಹಲ್ಲು ಬಂದು ಕೂರುವ ಜಾಗವನ್ನು ಕೊಕ್ಕೆ ತಿರುಗುವ ಕೇಂದ್ರದಿಂದಲೇ ಎಳೆದ ವೃತ್ತದ ತುಣುಕಿನಂತೆ ಮಾಡಿದ. ಆಮೇಲೆ ಲೋಲಕ ಎಷ್ಟು ತೂಗಿದರೂ ಚಕ್ರ ಅಲುಗುವುದಿಲ್ಲ. ಮುಳ್ಳು ಹೆಜ್ಜೆಯಿಟ್ಟಲ್ಲೇ ಕಲ್ಲಿನಂತೆ ನಿಲ್ಲುತ್ತದೆ. ಇದಕ್ಕೆ ಡೆಡ್‌ಬೀಟ್ ಎಂದು ಹೆಸರು. 1670ರ ದಶಕದಲ್ಲೇ ರಿಚರ್ಡ್ ಟೌನ್ಲಿ ಎಂಬುವನು ಈ ಬಗೆಯದನ್ನು ಯೋಚಿಸಿದ್ದ, ಥಾಮಸ್ ಟಾಂಪಿಯನ್ ಗ್ರೀನಿಚ್ ವೀಕ್ಷಣಾಲಯಕ್ಕಾಗಿ ಮಾಡಿಯೂ ಇದ್ದ. ಅದನ್ನು ಹದಕ್ಕೆ ತಂದು ಎಲ್ಲರ ಕೈಗೆ ಸಿಗುವಂತೆ ಮಾಡಿದವನು ಗ್ರಹಾಂ. ಮುಂದೆ ಸುಮಾರು 200 ವರ್ಷ ಖಗೋಳ ವೀಕ್ಷಣಾಲಯಗಳ ಗಡಿಯಾರಗಳು ನಡೆದದ್ದು ಹೆಚ್ಚಾಗಿ ಈ ಕೊಕ್ಕೆಯಿಂದಲೇ.

ಎರಡನೆಯ ತೊಂದರೆ ಬಿಸಿಲಿನದು. ಉಕ್ಕಿನ ಸರಳು ಕಾದರೆ ಉದ್ದವಾಗುತ್ತದೆ, ಲೋಲಕ ನಿಧಾನವಾಗುತ್ತದೆ. 10 ಡಿಗ್ರಿ ಸೆಲ್ಸಿಯಸ್ ಏರಿದರೆ ಗಡಿಯಾರ ದಿನಕ್ಕೆ ಸುಮಾರು 5 ಸೆಕೆಂಡು ಹಿಂದೆ ಬೀಳುತ್ತದೆ. ನಮ್ಮ ಕಾರ್ಯಕ್ರಮಗಳು ಆರಂಭವಾಗುವ ರೀತಿಗೆ ಐದು ಸೆಕೆಂಡು ಲೆಕ್ಕವೇ ಅಲ್ಲ, ಆದರೆ ನಕ್ಷತ್ರ ನೋಡುವವರಿಗೆ ಅದು ದೊಡ್ಡ ತಪ್ಪು. ಗ್ರಹಾಂ ಲೋಲಕದ ತುದಿಗೆ ಗುಂಡಿನ ಬದಲು ಪಾದರಸದ ಗಾಜಿನ ಜಾಡಿ ಕಟ್ಟಿದ. ಕಾದಾಗ ಸರಳು ಕೆಳಗಿಳಿಯುವಷ್ಟನ್ನು ಜಾಡಿಯ ಪಾದರಸ ಮೇಲೇರಿ ಸರಿದೂಗಿಸುತ್ತದೆ. ಥರ್ಮಾಮೀಟರಿನಲ್ಲಿ ನಾವು ಜ್ವರ ಅಳೆದ ಗುಣವನ್ನೇ ಅವನು ಜ್ವರ ಇಳಿಸಲು ಬಳಸಿದ ಎನ್ನಬಹುದು.

ನಮಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಮುಂದಿನದು. ಪಾದರಸದ ಉಪಾಯವನ್ನು 1721ರಲ್ಲಿ ಆರಂಭಿಸಿ, ಹಲವು ವರ್ಷ ಪರೀಕ್ಷಿಸಿ, 1726ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದು ಬಹಿರಂಗಪಡಿಸಿದ. ಬೇಕಾದವರು ಮಾಡಿಕೊಳ್ಳಬಹುದು. ಅಷ್ಟೇ ಅಲ್ಲ: ಅದಕ್ಕೂ ಮೊದಲು, 1715ರ ಸುಮಾರಿಗೆ, ಬೇರೆ ಬೇರೆಯಾಗಿ ಹಿಗ್ಗುವ ಲೋಹಗಳನ್ನು ಒಂದಕ್ಕೊಂದು ಎದುರು ಹೂಡುವ ಯೋಚನೆ ತನಗೆ ಬಂದಿತ್ತು, ಪ್ರಯೋಗ ಮಾಡಿದಾಗ ವ್ಯತ್ಯಾಸ ಸಾಲದೆಂದು ಕೈಬಿಟ್ಟೆ ಎಂಬುದನ್ನೂ ಅಲ್ಲೇ ಬರೆದಿದ್ದಾನೆ. ಗೆದ್ದ ದಾರಿಯ ಜೊತೆಗೆ ಬಿಟ್ಟ ದಾರಿಯನ್ನೂ ತೋರಿಸಿದ. ಯಾವುದಕ್ಕೂ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಅವನ ಕಾಲದ ಲಂಡನ್ನಿನಲ್ಲಿ ಪೇಟೆಂಟ್ ಇರಲಿಲ್ಲವೆಂದಲ್ಲ. ಗಡಿಯಾರದವರು ಅದಕ್ಕಾಗಿ ಜಗಳವಾಡುತ್ತಲೇ ಇದ್ದರು.

ಅದೇ ಲಂಡನ್ನಿನಲ್ಲಿ ನಮ್ಮ ವೃತ್ತಿಯವರು ಏನು ಮಾಡುತ್ತಿದ್ದರು? ಹೇಳಲು ಸಂಕೋಚವಾಗುತ್ತದೆ. ಫ್ರಾನ್ಸಿನಿಂದ 1569ರಲ್ಲಿ ಓಡಿಬಂದ ಚೇಂಬರ್ಲೆನ್ ಎಂಬ ಕುಟುಂಬ ಹೆರಿಗೆಯ ವೈದ್ಯಕ್ಕೆ ಹೆಸರಾಯಿತು. ಕಷ್ಟದ ಹೆರಿಗೆಯಲ್ಲಿ ಮಗುವಿನ ತಲೆ ಹಿಡಿದು ಹೊರತೆಗೆಯುವ ಇಕ್ಕಳ, ಅಂದರೆ ಫೋರ್‌ಸೆಪ್ಸ್, ಅವರ ಮನೆಯ ಗುಟ್ಟು. ನೂರು ವರ್ಷಕ್ಕೂ ಮೇಲ್ಪಟ್ಟು ಹೊರಗೆ ಬಿಡಲಿಲ್ಲ. ಚಿನ್ನದ ಬಣ್ಣದ ಪೆಟ್ಟಿಗೆಯಲ್ಲಿ ಮುಚ್ಚಿ ತರುತ್ತಿದ್ದರು, ಬಾಣಂತಿಯ ಕಣ್ಣು ಕಟ್ಟುತ್ತಿದ್ದರು ಎಂದು ಹೇಳುತ್ತಾರೆ. 1670ರಲ್ಲಿ ಅವರಲ್ಲೊಬ್ಬ ಪ್ಯಾರಿಸ್ಸಿಗೆ ಹೋಗಿ ಗುಟ್ಟನ್ನು ಮಾರಲು ನೋಡಿದ. ಅಲ್ಲಿನ ಪ್ರಸಿದ್ಧ ವೈದ್ಯ ಮೊರಿಸೋ ಪರೀಕ್ಷೆಗೆಂದು ಒಪ್ಪಿಸಿದ್ದು ಸೊಂಟದ ಮೂಳೆ ವಿಕಾರವಾಗಿದ್ದ ಒಬ್ಬ ಗರ್ಭಿಣಿಯನ್ನು. ಹೆರಿಗೆ ಆಗಲಿಲ್ಲ, ಆಕೆ ತೀರಿಕೊಂಡಳು, ವ್ಯಾಪಾರ ಮುರಿಯಿತು. 1813ರಲ್ಲಿ ಎಸೆಕ್ಸ್‌ನ ವುಡಮ್ ಮಾರ್ಟಿಮರ್ ಎಂಬಲ್ಲಿನ ಅವರ ಹಳೆಯ ಮನೆಯಲ್ಲಿ ನೆಲದ ಹಲಗೆಯ ಕೆಳಗೆ ಆ ಇಕ್ಕಳಗಳು ಸಿಕ್ಕವು. ಈ ಗುಟ್ಟಿದ್ದ ನೂರು ವರ್ಷದಲ್ಲಿ ಎಷ್ಟು ತಾಯಂದಿರು ಹೋದರೋ, ಲೆಕ್ಕ ಇಟ್ಟವರಿಲ್ಲ.

ನಮ್ಮ ಊರುಗಳಲ್ಲೂ ಕಾಮಾಲೆಗೆ ಔಷಧಿ ಕೊಡುವ ಮನೆತನಗಳಿವೆ. ಗಿಡದ ಹೆಸರು ಹೇಳಿದರೆ ಔಷಧಿಯ ಗುಣ ಹೋಗುತ್ತದೆ ಎನ್ನುತ್ತಾರೆ. ಅದು ಅವರ ನಂಬಿಕೆ, ಎಷ್ಟೋ ಕಡೆ ದುಡ್ಡನ್ನೂ ಮುಟ್ಟುವುದಿಲ್ಲ. ಚೇಂಬರ್ಲೆನ್ನರಿಗೆ ಆ ನೆಪವೂ ಇರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ವಿಷಯ ಸುಲಭ: ಬಚ್ಚಿಟ್ಟವನು ಕೆಟ್ಟವನು, ಬಿಚ್ಚಿಟ್ಟವನು ಒಳ್ಳೆಯವನು. ಆದರೆ ಗ್ರಹಾಂ ಉದಾರಿಯಾಗಬಲ್ಲ ಸ್ಥಿತಿಯಲ್ಲಿದ್ದ ಎಂಬುದನ್ನೂ ಹೇಳಬೇಕು. ಕಂಬರ್‌ಲೆಂಡಿನ ಹಳ್ಳಿಗಾಡಿನಿಂದ ಬಂದವನಾದರೂ ಟಾಂಪಿಯನ್ ಜೊತೆ ಕೆಲಸಕ್ಕೆ ಸೇರಿ, ಅವನ ಅಣ್ಣನ ಮಗಳೋ ತಮ್ಮನ ಮಗಳೋ, ಒಟ್ಟಿನಲ್ಲಿ ಆ ಮನೆಯ ಹುಡುಗಿಯನ್ನು ಮದುವೆಯಾಗಿ, 1713ರಲ್ಲಿ ಟಾಂಪಿಯನ್ ತೀರಿಕೊಂಡಾಗ ಫ್ಲೀಟ್ ಸ್ಟ್ರೀಟಿನ ಅಂಗಡಿಗೆ ವಾರಸುದಾರನಾದ. ಅಂಗಡಿಯಿಂದ ಹೊರಟ ಜೇಬುಗಡಿಯಾರಗಳೇ ಸುಮಾರು 3000. ಹೊಟ್ಟೆ ತುಂಬಿದವನು ಕೈ ಬಿಚ್ಚುವುದು ದೊಡ್ಡ ಮಾತೇ? ಆ ಗುಟ್ಟೊಂದೇ ಆಸ್ತಿಯಾಗಿರುವ ಬಡವನಿಗೆ ನೀನೂ ಬಿಚ್ಚು ಎಂದು ಯಾವ ಬಾಯಲ್ಲಿ ಹೇಳುವುದು?

ಅಂಥ ಬಡವ ಅವನ ಬಾಗಿಲಿಗೇ ಬಂದ. 1730ರ ಸುಮಾರಿಗೆ ಲಿಂಕನ್‌ಷೈರಿನ ಬ್ಯಾರೋ ಎಂಬ ಹಳ್ಳಿಯಿಂದ ಜಾನ್ ಹ್ಯಾರಿಸನ್ ಎಂಬ ಬಡಗಿ ಲಂಡನ್ನಿಗೆ ಬಂದ. ಇವನೂ ತಮ್ಮನೊಡನೆ ಸೇರಿ ಲಾಂಗ್‌ಕೇಸ್ ಗಡಿಯಾರ ಮಾಡುತ್ತಿದ್ದ, ಅದೂ ಮರದ ಚಕ್ರಗಳಿಂದ. ಎಣ್ಣೆಯೇ ಬೇಡದಂತೆ, ತಾನಾಗಿ ಜಿಡ್ಡು ಸೂಸುವ ಮರವನ್ನು ಉಜ್ಜುವ ಜಾಗಗಳಿಗೆ ಹಾಕುತ್ತಿದ್ದ. ಗಡಿಯಾರ ಸರಿಯಿದೆಯೇ ಎಂದು ನೋಡಲು ನಕ್ಷತ್ರಗಳು ಪಕ್ಕದ ಮನೆಯ ಚಿಮಣಿಯ ಹಿಂದೆ ಮರೆಯಾಗುವ ಗಳಿಗೆಯನ್ನು ಗುರುತಿಸುತ್ತಿದ್ದ. ತಿಂಗಳಿಗೆ ಒಂದು ಸೆಕೆಂಡಿಗಿಂತ ಹೆಚ್ಚು ತಪ್ಪುವುದಿಲ್ಲ ಎಂದು ಅವನ ಮಾತು. ಅದಕ್ಕಾಗಿ ಮಾಡಿದ್ದೇನು? ಹಿತ್ತಾಳೆ, ಉಕ್ಕಿನ ಸರಳುಗಳನ್ನು ಒಂದರ ಪಕ್ಕ ಒಂದು ಜೋಡಿಸಿದ ಲೋಲಕ. ಗ್ರಹಾಂ ಸಾಲದೆಂದು ಕೈಬಿಟ್ಟಿದ್ದ ದಾರಿಯೇ ಅದು!

ಹಡಗು ಸಮುದ್ರದ ಮಧ್ಯೆ ಎಲ್ಲಿದೆಯೆಂದು ತಿಳಿಸುವ ವಿಧಾನಕ್ಕೆ ಪಾರ್ಲಿಮೆಂಟು 1714ರಲ್ಲಿ 20,000 ಪೌಂಡ್ ಬಹುಮಾನ ಸಾರಿತ್ತು. ಹ್ಯಾರಿಸನ್ ಅದರ ಆಸೆಯಿಂದಲೇ ಬಂದಿದ್ದ. ಖಗೋಳಜ್ಞ ಹ್ಯಾಲಿ, ಹೌದು, ಧೂಮಕೇತುವಿನ ಹ್ಯಾಲಿಯೇ, ಗ್ರಹಾಮನ ಬಳಿ ಹೋಗು ಎಂದ. ಹ್ಯಾರಿಸನ್ನಿಗೆ ಮನಸ್ಸಿಲ್ಲ. ಊರಿನ ದೊಡ್ಡ ಗಡಿಯಾರದವನಿಗೆ ಗುಟ್ಟು ತೋರಿಸಿದರೆ ಕದ್ದುಬಿಟ್ಟಾನು ಎಂಬ ಭಯ. ಆತ ಪ್ರಾಮಾಣಿಕ, ನಿನ್ನದನ್ನು ಕದಿಯುವವನಲ್ಲ ಎಂದು ಹ್ಯಾಲಿ ಧೈರ್ಯ ಹೇಳಿ ಕಳಿಸಿದ. ಮೊದಲಿಗೆ ಗ್ರಹಾಂ ಒರಟಾಗಿಯೇ ಮಾತಾಡಿಸಿದನಂತೆ. ಆಮೇಲೆ ಬೆಳಿಗ್ಗೆ 10ಕ್ಕೆ ಶುರುವಾದ ಮಾತು ರಾತ್ರಿ 8ರವರೆಗೆ ನಡೆಯಿತು, ಮಧ್ಯೆ ಊಟವೂ ಅಲ್ಲೇ ಆಯಿತು. ಹೊರಡುವಾಗ ಹ್ಯಾರಿಸನ್ನನ ಕೈಯಲ್ಲಿ ಗ್ರಹಾಂ ಕೊಟ್ಟ ಸಾಲವಿತ್ತು. ಅಡವು ಕೇಳಲಿಲ್ಲ, ಬಡ್ಡಿ ಹಾಕಲಿಲ್ಲ. ಆ ಆಸರೆಯಿಂದ ಹ್ಯಾರಿಸನ್ ಕಟ್ಟಿದ ಮೊದಲನೆಯ ಸಮುದ್ರ ಗಡಿಯಾರ 1735ರಲ್ಲಿ ಮುಗಿಯಿತು; ಅದು ಯೋಗ್ಯವೆಂದು ಸಹಿ ಹಾಕಿದವರಲ್ಲಿ ಗ್ರಹಾಂ ಒಬ್ಬ.

ಈ ಹತ್ತು ಗಂಟೆಗಳ ಬಗ್ಗೆ ನಾವು ಬಹಳ ಯೋಚಿಸಿದ್ದೇವೆ. ತನ್ನದನ್ನು ಎಲ್ಲರಿಗೂ ಹಂಚುವ ಮನುಷ್ಯ ಹ್ಯಾರಿಸನ್ನಿಗೂ ಹಾಗೆಯೇ ಉಪದೇಶ ಮಾಡಬಹುದಿತ್ತು: ಜ್ಞಾನ ಎಲ್ಲರದು, ಪ್ರಕಟಿಸು. ಮಾಡಲಿಲ್ಲ. ತಾನು ಸೋತಲ್ಲಿ ಈ ಬಡಗಿ ಗೆದ್ದದ್ದನ್ನು ನೋಡಿದ, ಪೂರ್ತಿ ಅರ್ಥಮಾಡಿಕೊಂಡ, ಯಾರಿಗೂ ಹೇಳಲಿಲ್ಲ, ತನ್ನದೆಂದು ಬಳಸಲಿಲ್ಲ. ಗುಟ್ಟನ್ನು ಗುಟ್ಟಾಗಿಯೇ ಅದರ ಒಡೆಯನ ಜೊತೆ ಊರಿಗೆ ಕಳಿಸಿಕೊಟ್ಟ.

ಇದು ಎಷ್ಟು ಕಷ್ಟದ್ದೆಂದು ತಿಳಿಯಲು ಅವನ ಶಿಷ್ಯನನ್ನು ನೋಡಬೇಕು. ಥಾಮಸ್ ಮಜ್ ಗ್ರಹಾಮನ ಕೈಕೆಳಗೆ ಕಲಿತವನು, ಮಹಾ ಪ್ರತಿಭಾವಂತ. 1750ರ ದಶಕದಲ್ಲಿ ಅವನು ಕಂಡುಹಿಡಿದ ಲಿವರ್ ಎಂಬ ಏರ್ಪಾಡು ನಮ್ಮ ತಂದೆಯವರ ಕೈಯಲ್ಲಿದ್ದ, ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆಯ ಕೀಲಿ ಕೊಡುವ ವಾಚಿನವರೆಗೂ ಇಳಿದು ಬಂದಿದೆ. ಅವನೂ ಅದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಗುರುವಿನ ಮೊದಲನೆಯ ಪಾಠ ಚೆನ್ನಾಗಿ ಕಲಿತಿದ್ದ. 1765ರಲ್ಲಿ ಬಹುಮಾನದ ಮಂಡಳಿಯು ಗುಟ್ಟನ್ನು ತೋರಿಸಿದ ಹೊರತು ಹಣವಿಲ್ಲ ಎಂದು ಪಟ್ಟು ಹಿಡಿದಾಗ, ಮುದುಕನಾಗಿದ್ದ ಹ್ಯಾರಿಸನ್ ತನ್ನ ನಾಲ್ಕನೆಯ ಗಡಿಯಾರವನ್ನು ಆರು ಜನರ ಮುಂದೆ ಬಿಚ್ಚಿ ವಿವರಿಸಬೇಕಾಯಿತು. ಆರರಲ್ಲಿ ಮಜ್ ಒಬ್ಬ. ಮರುವರ್ಷ ಫ್ರಾನ್ಸಿನಿಂದ ಬರ್ತೂ ಎಂಬ ಗಡಿಯಾರದವನು ಲಂಡನ್ನಿಗೆ ಬಂದ. ಹ್ಯಾರಿಸನ್ ಅವನಿಗೆ ಏನನ್ನೂ ತೋರಿಸಲಿಲ್ಲ. ಒಂದು ಊಟದ ಮೇಜಿನಲ್ಲಿ ಮಜ್ ಎಲ್ಲವನ್ನೂ ಹೇಳಿಬಿಟ್ಟ. ಕೇಳಿದ್ದಕ್ಕೆ, ಎಲ್ಲರಿಗೂ ತಿಳಿಯಲಿ ಎಂಬುದೇ ಮಂಡಳಿಯ ಉದ್ದೇಶವೆಂದುಕೊಂಡಿದ್ದೆ ಎಂದ. ಸುಳ್ಳು ಹೇಳಿರಲಾರ. ಮಂಡಳಿಯೇ 1767ರಲ್ಲಿ ಅದನ್ನು ಅಚ್ಚು ಹಾಕಿಸಿತು. ಆದರೂ ಹ್ಯಾರಿಸನ್ನಿಗೆ ಪೂರ್ತಿ ಹಣ ಸಂದಿರಲಿಲ್ಲ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ಅದು.

ಹಾಗಾದರೆ ಬಿಚ್ಚಿಡುವುದು ಗುಣವೋ ಅಲ್ಲವೋ ಎಂಬ ಪ್ರಶ್ನೆಯನ್ನು ಕೇಳುವ ರೀತಿಯೇ ಸರಿಯಿಲ್ಲವೆಂದು ನಮ್ಮ ಎಣಿಕೆ. ಮೊದಲು ಕೇಳಬೇಕಾದ್ದು, ಬಿಚ್ಚುತ್ತಿರುವ ಗಂಟು ಯಾರದು? ಹಿಪೊಕ್ರೆಟಿಸ್ಸನ ಹೆಸರಿನ ಹಳೆಯ ಪ್ರಮಾಣದಲ್ಲಿ ವಿದ್ಯೆಯನ್ನು ಗುರುವಿನ ಮಕ್ಕಳಿಗೆ ಶುಲ್ಕವಿಲ್ಲದೆ ಕಲಿಸು ಎಂಬುದೂ ಇದೆ, ರೋಗಿಯ ಮನೆಯಲ್ಲಿ ಕಂಡು ಕೇಳಿದ್ದನ್ನು ಹೊರಗೆ ಆಡಬೇಡ ಎಂಬುದೂ ಇದೆ. ಒಂದು ನಮ್ಮದು, ಇನ್ನೊಂದು ರೋಗಿಯದು. ಚೇಂಬರ್ಲೆನ್ನರದು ಮೊದಲನೆಯದರ ದ್ರೋಹ. ಅವರ ಗುಟ್ಟಿಗೆ ಬೆಲೆ ತೆತ್ತವಳು ಎದುರಿಗೇ ಮಲಗಿದ್ದ ಹೆಂಗಸು. ಇಷ್ಟು ಹೇಳಿ ಹ್ಯಾರಿಸನ್ನನ ಮೂವತ್ತು ವರ್ಷದ ಮೌನದಲ್ಲಿ ಮುಳುಗಿದ ಹಡಗುಗಳ ಮಾತೇನು ಎಂದು ಯಾರಾದರೂ ಕೇಳಿದರೆ, ನಮ್ಮಲ್ಲಿ ಪೂರ್ತಿ ಉತ್ತರವಿಲ್ಲ. ಅವನು ಇಷ್ಟು ಕೊಡಿ, ಕೊಡುತ್ತೇನೆ ಎಂದವನು, ನೆಲದಡಿ ಹೂತಿಟ್ಟವನಲ್ಲ. ಅಲ್ಲಿಗೆ ನಮ್ಮ ಮನಸ್ಸು ಅವನ ಕಡೆಗೇ ವಾಲುತ್ತದೆ.

ನಾವು ಊರಿನಲ್ಲಿ ಹೌಸ್ ಸರ್ಜನ್ ಆಗಿದ್ದಾಗ ಒಬ್ಬ ಹಿರಿಯ ಶಸ್ತ್ರಚಿಕಿತ್ಸಕರು ಮುಖ್ಯ ಘಟ್ಟ ಬಂತೆಂದರೆ ಮೈ ಅಡ್ಡ ತಿರುಗಿಸಿ ನಿಲ್ಲುತ್ತಿದ್ದರು. ಅವರ ಬೆನ್ನು ಮಾತ್ರ ನಮಗೆ ಕಂಠಪಾಠ. ಈ ದೇಶಕ್ಕೆ ಬಂದು ರಿಜಿಸ್ಟ್ರಾರ್ ಆಗಿದ್ದಾಗ ಇದರ ತದ್ವಿರುದ್ಧ: ಹಿರಿಯರು ಎಲ್ಲವನ್ನೂ ಹೇಳಿಕೊಡುತ್ತಿದ್ದರು, ಆದರೆ ಕಿರಿಯನೊಬ್ಬ ಕಾರಿಡಾರಿನಲ್ಲಿ ಹೇಳಿದ ಯೋಚನೆ ಆರು ತಿಂಗಳ ಮೇಲೆ ಬೇರೆ ಹೆಸರಿನಲ್ಲಿ ಸಮ್ಮೇಳನದ ಪರದೆಯ ಮೇಲೆ ಬರುತ್ತಿದ್ದುದೂ ಉಂಟು. ಕಲಿಸಿದ್ದಕ್ಕೆ ಕೃತಜ್ಞರಾಗಿದ್ದೇವೆ. ಎರಡರಲ್ಲಿ ಯಾವುದು ಹೆಚ್ಚು ನೋವಿನದು ಎಂದು ನಮ್ಮ ವಯಸ್ಸಿನ ವೈದ್ಯರನ್ನು ಕೇಳಿದರೆ ಉತ್ತರ ಬರಲು ತಡವಾಗುವುದಿಲ್ಲ.

ಗ್ರಹಾಂ 1751ರಲ್ಲಿ ತೀರಿಕೊಂಡ. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಟಾಂಪಿಯನ್ನನ ಸಮಾಧಿಯಲ್ಲೇ ಅವನನ್ನೂ ಇಟ್ಟರು. 1838ರಲ್ಲಿ ಯಾರೋ ಆ ಕಲ್ಲನ್ನು ಕಿತ್ತು ಹಾಕಿದರು, 1866ರಲ್ಲಿ ಮರಳಿ ತಂದು ಹಾಸಿದರು. ಹ್ಯಾರಿಸನ್ನಿಗೆ ಅಲ್ಲಿ ಕಲ್ಲು ಬಂದದ್ದು 2006ರಲ್ಲಿ, ಗ್ರಹಾಮನ ಹತ್ತಿರದಲ್ಲೇ. ಅದರಲ್ಲಿ ಎರಡು ಲೋಹಗಳನ್ನು ಕೂಡಿಸಿದ ಒಂದು ಗೆರೆಯಿದೆ. ಬೇಸಿಗೆ ರಜೆಯಲ್ಲಿ ಊರಿನಿಂದ ಬಂದ ಅತ್ತೆ ಮಾವಂದಿರನ್ನು ಅಬೆಗೆ ಕರೆದುಕೊಂಡು ಹೋಗುವವರು ರಾಜರಾಣಿಯರ ಸಾಲು ಮುಗಿಸಿ ನಡುಮನೆಯಂಥ ದೊಡ್ಡ ಹಜಾರಕ್ಕೆ ಬಂದಾಗ ನೆಲ ನೋಡಿಕೊಂಡು ನಡೆಯಿರಿ. ಎರಡೂ ಕಲ್ಲು ಕಾಲ ಕೆಳಗೇ ಇವೆ.