ಆಯುಧಪೂಜೆಯೂ ಗೋಡೆಯೊಳಗಿನ ತಂತಿಯೂ

ಮಹಾನವಮಿಯಂದು ಕನ್ನಡಿಗನ ಮನೆಯಲ್ಲಿ ಪೂಜೆಗೊಳ್ಳದ ಉಪಕರಣವಿಲ್ಲ. ರೈತನ ನೇಗಿಲು, ಬಡಗಿಯ ಉಳಿ, ಅಕ್ಕಸಾಲಿಗನ ತಕ್ಕಡಿ, ಗೃಹಿಣಿಯ ಈಳಿಗೆಮಣೆ, ಮಹಾನಗರಕ್ಕೆ ಬಂದು ನೆಲೆಸಿದವರ ವಾಹನ, ಗಣಕಯಂತ್ರ ಇವೆಲ್ಲಕ್ಕೂ ಅಂದು ಅರಿಶಿನ ಕುಂಕುಮದ ಭಾಗ್ಯ. ಪೂಜೆಯ ಸಂಭ್ರಮ ಮುಗಿದ ಮೇಲೆ ಆ ಉಪಕರಣವು ತನ್ನನ್ನು ಹಿಡಿಯುವ ಕೈಯಿಂದ ಏನನ್ನು ಅಪೇಕ್ಷಿಸುತ್ತದೆಂಬ ಪ್ರಶ್ನೆ ಮಾತ್ರ ಅಷ್ಟಾಗಿ ಏಳುವುದಿಲ್ಲ. ಅದನ್ನು ವಿಚಾರಿಸಬೇಕೆಂದರೆ ಋಷಿಗಳ ಆಶ್ರಮಕ್ಕೇ ಹೋಗಬೇಕಾಗಿಲ್ಲ. ಮನೆಮನೆಗಳ ದುರಸ್ತಿ ಮಾಡುತ್ತ ವಿದ್ಯುತ್ ಕೆಲಸ ಕಲಿಯುವ ಹುಡುಗನೊಬ್ಬನ ಸಲಕರಣೆಯ ಚೀಲವನ್ನು ಬಿಚ್ಚಿ ನೋಡಿದರೆ ಸಾಕು.

ತಿರುವನಂತಪುರವು ಕನ್ನಡಿಗರಿಗೆ ತೀರ ಪರಸ್ಥಳವೇನೂ ಅಲ್ಲ. ಕುಂಬಳೆಯ ಬಳಿಯ ಅನಂತಪುರದ ಸರೋವರ ದೇವಾಲಯವೇ ಅಲ್ಲಿಯ ಪದ್ಮನಾಭಸ್ವಾಮಿಯ ಮೂಲಸ್ಥಾನವೆಂಬ ನಂಬಿಕೆ ಎರಡೂ ಕಡೆ ಉಂಟು. ನವರಾತ್ರಿ ಬಂತೆಂದರೆ ಪದ್ಮನಾಭಪುರದ ಅರಮನೆಯಿಂದ ಸರಸ್ವತಿ, ವೇಳಿಮಲೆಯಿಂದ ಕುಮಾರಸ್ವಾಮಿ, ಶುಚೀಂದ್ರದಿಂದ ಮುನ್ನೂಟ್ಟಿನಂಗ ದೇವಿ ಮೆರವಣಿಗೆಯಲ್ಲಿ ಆ ನಗರಕ್ಕೆ ಬಿಜಯಂಗೈಯುತ್ತಾರೆ. 1956ರಲ್ಲಿ ಆ ಊರುಗಳು ಇಂದಿನ ತಮಿಳುನಾಡಿಗೆ ಸೇರಿದವಾದರೂ ದೇವತೆಗಳ ಪಯಣಕ್ಕೆ ಗಡಿ ಅಡ್ಡಬರಲಿಲ್ಲ. ಅಲ್ಲಿಯ ಆಚಾರದಲ್ಲಿ ಒಂದು ವಿಶೇಷವಿದೆ. ದುರ್ಗಾಷ್ಟಮಿಯ ಸಂಜೆ ಪುಸ್ತಕಗಳನ್ನೂ ಉಪಕರಣಗಳನ್ನೂ ದೇವಿಯ ಮುಂದಿರಿಸುತ್ತಾರೆ, ಇದು ಪೂಜವೆಯ್ಪು. ವಿಜಯದಶಮಿಯ ಬೆಳಗ್ಗೆ ಅವನ್ನು ಮರಳಿ ಕೈಗೆತ್ತಿಕೊಳ್ಳುವುದು ಪೂಜಯೆಡುಪ್ಪು. ನಡುವಣ ಅವಧಿಯಲ್ಲಿ ವಿದ್ಯಾರ್ಥಿ ಓದುವುದಿಲ್ಲ, ಕುಶಲಕರ್ಮಿ ಆಯುಧ ಮುಟ್ಟುವುದಿಲ್ಲ. ನಮ್ಮಲ್ಲಿ ಒಂದು ದಿನದ ಪೂಜೆಯಾಗಿರುವುದು ಅಲ್ಲಿ ಒಂದು ವ್ರತವೇ ಆಗಿದೆ.

ನಗರದ ಉತ್ತರ ಭಾಗದಲ್ಲಿರುವ ಉಳ್ಳೂರ್, ಮಹಾಕವಿ ಉಳ್ಳೂರ್ ಪರಮೇಶ್ವರ ಅಯ್ಯರ್ (1877–1949) ಅವರ ಹೆಸರಿನೊಡನೆ ಸೇರಿ ಮಲಯಾಳ ಸಾಹಿತ್ಯದಲ್ಲಿ ನೆಲೆನಿಂತ ಊರು. ಸುಬ್ರಹ್ಮಣ್ಯನ ಗುಡಿ, 1951ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿನ ನೆರೆ, ಹಳೆಯ ಹೆಂಚಿನ ಮನೆಗಳು, ಅವುಗಳ ಪಕ್ಕದಲ್ಲೇ ಎದ್ದ ಹೊಸ ತಾರಸಿ ಮನೆಗಳು. ಹಳೆಯ ಮನೆಗಳಲ್ಲಿ ತೇಗದ ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪು ಬಡಿದು ಎಳೆದ ತಂತಿಗಳು ಕಣ್ಣಿಗೆ ಕಾಣುತ್ತಿದ್ದವು. ಹೊಸ ಮನೆಗಳಲ್ಲಿ ಅವು ಕೊಳವೆಯೊಳಗೆ ಅಡಗಿ ಗೋಡೆಯ ಗಾರೆಯಡಿ ಮರೆಯಾಗಿವೆ. ಇಂಥ ಮನೆಗಳ ದುರಸ್ತಿಯೇ ಕಲಿಯುವ ಹುಡುಗನಿಗೆ ಪಾಠಶಾಲೆ. ಚಾಕ್ಕದಲ್ಲಿರುವ ಸರ್ಕಾರಿ ಐ.ಟಿ.ಐ.ಯಂಥ ಸಂಸ್ಥೆಯಲ್ಲಿ ಎರಡು ವರ್ಷದ ವ್ಯಾಸಂಗ, 1961ರ ಅಪ್ರೆಂಟಿಸ್ ಕಾಯಿದೆಯಂತೆ ತರಬೇತಿ, ಅನಂತರ ರಾಜ್ಯದ ಲೈಸೆನ್ಸಿಂಗ್ ಮಂಡಳಿಯ ಪರವಾನಗಿ, ಇವು ಕಾಗದದ ಮೇಲಿನ ಮೆಟ್ಟಿಲುಗಳು. ನಿಜವಾದ ವಿದ್ಯೆ ಬರುವುದು ಅನುಭವಿಯೊಬ್ಬನ ಹಿಂದೆ ಏಣಿ ಹೊತ್ತು ನಡೆದಾಗ. ಅಂಥ ಗುರುವನ್ನು ಮಲಯಾಳದಲ್ಲಿ ‘ಆಶಾನ್’ ಎನ್ನುತ್ತಾರೆ. ಆಚಾರ್ಯ ಶಬ್ದವೇ ಸವೆದು ಆದ ರೂಪವಿದು. ಮಲ್ಲವಿದ್ಯೆ ಕಲಿಸುವವನೂ ಆಶಾನ್, ಅಕ್ಷರ ಕಲಿಸುವವನೂ ಆಶಾನ್, ಸ್ವಿಚ್ಚು ಕೂರಿಸಲು ಕಲಿಸುವವನೂ ಆಶಾನ್.

ಈ ವೃತ್ತಿಯಲ್ಲಿ ಧರ್ಮಜಿಜ್ಞಾಸೆ ಎಲ್ಲಿಂದ ಮೊದಲಾಗುತ್ತದೆ? ಸರಿಯಾದ ಕೆಲಸವೂ ತಪ್ಪು ಕೆಲಸವೂ ಮನೆಯೊಡೆಯನ ಕಣ್ಣಿಗೆ ಒಂದೇ ರೀತಿ ಕಾಣುವುದರಿಂದ. ದೀಪಕ್ಕೆ ಹೋಗುವ ಎರಡು ತಂತಿಗಳಲ್ಲಿ ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ಸ್ವಿಚ್ಚನ್ನು ಫೇಸ್ ತಂತಿಯಲ್ಲಿ ಅಳವಡಿಸಬೇಕೆಂಬುದು ನಿಯಮ. ಅಜಾಗ್ರತೆಯಿಂದ ನ್ಯೂಟ್ರಲ್‌ನಲ್ಲಿ ಅಳವಡಿಸಿದರೂ ದೀಪ ಅಷ್ಟೇ ಚೆನ್ನಾಗಿ ಹತ್ತುತ್ತದೆ, ಅಷ್ಟೇ ವಿಧೇಯವಾಗಿ ಆರುತ್ತದೆ. ಆರಿದ ಮೇಲೂ ಹೋಲ್ಡರಿನಲ್ಲಿ 230 ವೋಲ್ಟು ಮೌನವಾಗಿ ಕುಳಿತಿರುತ್ತದೆ. ಎಷ್ಟೋ ವರ್ಷಗಳ ಅನಂತರ, ಬಲ್ಬು ಬದಲಿಸಲೆಂದು ಒದ್ದೆ ಕಾಲಿನಲ್ಲಿ ಕಬ್ಬಿಣದ ಸ್ಟೂಲು ಹತ್ತಿದ ಯಾರೋ ಒಬ್ಬರು ಆ ಅಜಾಗ್ರತೆಯ ಬೆಲೆ ತೆರಬೇಕಾಗುತ್ತದೆ. ನೂರು ವ್ಯಾಟಿನ ಒಂದು ಬಲ್ಬು ಎಳೆದುಕೊಳ್ಳುವ ಪ್ರವಾಹದ ಹದಿನಾಲ್ಕರಲ್ಲಿ ಒಂದಂಶ, ಅಂದರೆ ಸುಮಾರು 30 ಮಿಲಿಆಂಪಿಯರ್, ಎದೆಯ ಮೂಲಕ ಹರಿದರೆ ಜೀವಕ್ಕೆ ಅಪಾಯ. ತಪ್ಪು ಮಾಡಿದವನು ಅಷ್ಟರೊಳಗೆ ಯಾವ ಊರಿನಲ್ಲಿರುತ್ತಾನೋ! ಅವನ ಹೆಸರನ್ನು ಸಹ ಯಾರೂ ನೆನೆಯುವುದಿಲ್ಲ.

ಅರ್ತ್ ತಂತಿಯ ಸ್ಥಿತಿ ಇನ್ನೂ ವಿಚಿತ್ರ. ಅದು ದೀಪ ಹೊತ್ತಿಸುವುದಿಲ್ಲ, ಫ್ಯಾನು ತಿರುಗಿಸುವುದಿಲ್ಲ. ಅಂಗಳದ ಗುಂಡಿಯಲ್ಲಿ ಇದ್ದಲು ಮತ್ತು ಉಪ್ಪಿನ ನಡುವೆ ಹೂತ ಕೊಳವೆಗೆ ಬಿಗಿದುಕೊಂಡು, ಎಂದೋ ಒಂದು ದಿನ ಸೋರಿಬರುವ ವಿದ್ಯುತ್ತನ್ನು ಭೂತಾಯಿಗೆ ಒಪ್ಪಿಸಲೆಂದು ವರ್ಷಾನುಗಟ್ಟಲೆ ನಿರುದ್ಯೋಗಿಯಾಗಿ ಕಾಯುತ್ತದೆ. ಅದು ತುಂಡಾದರೆ ಮನೆಯಲ್ಲಿ ಯಾವುದೂ ನಿಲ್ಲುವುದಿಲ್ಲ. ಆದ್ದರಿಂದ ತುಂಡಾದದ್ದು ಗೊತ್ತೂ ಆಗುವುದಿಲ್ಲ.

ಅಂದಮೇಲೆ ಇಲ್ಲಿ ಸಾಕ್ಷಿ ಯಾರು? ಹುಡುಗನ ಜೇಬಿನಲ್ಲಿ ಒಂದು ಟೆಸ್ಟರ್ ಇರುತ್ತದೆ; ತುದಿ ಮುಟ್ಟಿಸಿದರೆ ಅದರ ಹೊಟ್ಟೆಯೊಳಗಿನ ನಿಯಾನ್ ದೀಪ ಮಿನುಗಿ, ಇದು ಜೀವಂತ ತಂತಿಯೆಂದು ಹೇಳುತ್ತದೆ. ಪುರಾಣಿಕರು ಇದನ್ನು ಅಂತಃಸಾಕ್ಷಿಗೆ ಹೋಲಿಸಿ ಅಲ್ಲಿಗೇ ಬಿಟ್ಟಾರು. ಆದರೆ ವೃತ್ತಿ ಬಲ್ಲವನು ಇನ್ನೂ ಒಂದು ಮಾತು ಸೇರಿಸುತ್ತಾನೆ. ಟೆಸ್ಟರೂ ಸುಳ್ಳು ಹೇಳುವುದುಂಟು. ಒಳಗಿನ ದೀಪ ಸತ್ತಿದ್ದರೆ, ಹಿಡಿದವನು ಒಣ ಮರದ ಏಣಿಯ ಮೇಲೆ ನಿಂತಿದ್ದರೆ, ಜೀವಂತ ತಂತಿಯೂ ಸತ್ತಂತೆ ತೋರೀತು. ಆದ್ದರಿಂದ ಪ್ರವಾಹವಿದೆಯೆಂದು ಖಚಿತವಾಗಿ ತಿಳಿದ ಕಡೆ ಮೊದಲು ಅದನ್ನು ಪರೀಕ್ಷಿಸಿ, ಬಳಿಕ ಸಂದೇಹದ ತಂತಿಯನ್ನು ಮುಟ್ಟಿ, ಮತ್ತೆ ಖಚಿತ ಸ್ಥಳಕ್ಕೆ ಹೋಗಿ ಪರೀಕ್ಷಿಸಬೇಕೆಂದು ಆಶಾನ್ ಕಲಿಸುತ್ತಾನೆ. ‘ನನ್ನ ಮನಸ್ಸಾಕ್ಷಿಗೆ ಸರಿ ಕಂಡಿತು’ ಎಂದು ಸುಲಭವಾಗಿ ನುಡಿಯುವವರು ಆ ಸಾಕ್ಷಿಯನ್ನು ಕೊನೆಯ ಬಾರಿಗೆ ಎಂದು ಪರೀಕ್ಷಿಸಿದ್ದರೋ ಹೇಳುವುದು ಕಷ್ಟ.

ಇಷ್ಟನ್ನು ಹಿನ್ನೆಲೆಯಾಗಿಟ್ಟುಕೊಂಡು ಒಂದು ದೃಷ್ಟಾಂತವನ್ನು ಭಾವಿಸಿಕೊಳ್ಳಬಹುದು. ಉಳ್ಳೂರಿನ ಒಂದು ಹಳೆಯ ಮನೆ. ಮಕ್ಕಳು ಪರದೇಶದಲ್ಲಿ, ಮನೆಯಲ್ಲಿ ವೃದ್ಧೆಯೊಬ್ಬಳೇ. ದುರ್ಗಾಷ್ಟಮಿಯ ಮಧ್ಯಾಹ್ನ ಅಡುಗೆಮನೆಯ ಗ್ರೈಂಡರು ಮುಟ್ಟಿದರೆ ಚುರ್ರೆನ್ನುತ್ತಿದೆಯೆಂದು ಆಕೆ ಹೇಳಿಕಳಿಸುತ್ತಾಳೆ. ಆಶಾನ್ ಬೇರೆ ಕಡೆ ಇರುವುದರಿಂದ ಎರಡನೆಯ ವರ್ಷದ ಹುಡುಗನೊಬ್ಬನೇ ಹೋಗುತ್ತಾನೆ. ರೋಗ ಪತ್ತೆಯಾಗುವುದು ತಡವಾಗಲಿಲ್ಲ: ಯಂತ್ರದ ಮೈಗೆ ಪ್ರವಾಹ ಸೋರುತ್ತಿದೆ, ಅದನ್ನು ಒಯ್ಯಬೇಕಾದ ಅರ್ತ್ ತಂತಿ ಎಲ್ಲೋ ತುಂಡಾಗಿದೆ. ಸೋರಿಕೆಯನ್ನು ಗುರುತಿಸಿ ಪ್ರವಾಹವನ್ನು ಕಡಿಯುವ ಹೊಸ ಸಾಧನ ಆ ಮನೆಯಲ್ಲಿಲ್ಲ. ಅರ್ತ್ ಗುಂಡಿಯೋ, ಇತ್ತೀಚೆಗೆ ಅಂಗಳಕ್ಕೆಲ್ಲ ಹಾಸಿದ ಸಿಮೆಂಟಿನ ಬಿಲ್ಲೆಗಳ ಅಡಿಯಲ್ಲಿ ಹೂತುಹೋಗಿದೆ. ಅದನ್ನು ಅಗೆದು ಸರಿಪಡಿಸಲು ಒಂದು ದಿನ ಬೇಕು, ಆಳು ಬೇಕು, ಹಣ ಬೇಕು. ಸಂಜೆ ಪೂಜೆಗೆ ಆಯುಧಗಳನ್ನು ಇಡಬೇಕು. ಮೋಡ ಬೇರೆ ಕವಿಯುತ್ತಿದೆ.

ಒಂದು ಸುಲಭೋಪಾಯ ಅವನಿಗೆ ಗೊತ್ತು. ಯಾರೂ ಕಲಿಸದಿದ್ದರೂ ಈ ವಿದ್ಯೆ ಎಲ್ಲರಿಗೂ ಹೇಗೋ ಗೊತ್ತಿರುತ್ತದೆ. ಸಾಕೆಟ್ಟಿನ ಅರ್ತ್ ಪಿನ್ನಿನಿಂದ ಸತ್ತ ತಂತಿಯನ್ನು ಬಿಡಿಸಿ, ಒಂದು ಗೇಣು ತಂತಿಯಿಂದ ಅದನ್ನು ನ್ಯೂಟ್ರಲ್‌ಗೆ ಸೇರಿಸಿಬಿಟ್ಟರೆ ಆಯಿತು. ಸೋರುವ ಪ್ರವಾಹ ನ್ಯೂಟ್ರಲ್ ಮೂಲಕ ಮರಳಿಹೋಗುತ್ತದೆ, ಚುರ್ರೆನ್ನುವುದು ನಿಲ್ಲುತ್ತದೆ. ಅವನು ಹಾಗೆಯೇ ಮಾಡಿದ. ಟೆಸ್ಟರು ಮಿನುಗಲಿಲ್ಲ. ವೃದ್ಧೆ ಯಂತ್ರವನ್ನು ಮುಟ್ಟಿ ನೋಡಿ, ಮಗನೇ ಎಂದು ಕರೆದು, ಚಹಾ ಕೊಟ್ಟು, ಕೇಳಿದ್ದಕ್ಕಿಂತ ಐವತ್ತು ರೂಪಾಯಿ ಹೆಚ್ಚಾಗಿಯೇ ಕೈಗಿತ್ತಳು. ಬೀದಿಯ ಕಡೆಯಿಂದ ಬರುವ ನ್ಯೂಟ್ರಲ್ ಎಲ್ಲಿಯಾದರೂ ಕಡಿದುಹೋದರೆ, ಅದೇ ಗೇಣು ತಂತಿಯ ಮೂಲಕ ಪೂರ್ಣ 230 ವೋಲ್ಟು ಗ್ರೈಂಡರಿನ ಮೈಗೆ ಬಂದು ನಿಲ್ಲಬಹುದೆಂಬುದು ಆಕೆಗೆ ತಿಳಿಯುವ ಬಗೆ ಯಾವುದು?

ಸಂಜೆ ಹುಡುಗ ಚೀಲವನ್ನು ತೊಳೆದೊರೆಸಿ, ಟೆಸ್ಟರ್, ಇಕ್ಕಳ, ಸ್ಕ್ರೂಡ್ರೈವರುಗಳಿಗೆ ಗಂಧ ಹಚ್ಚಿ ದೇವಿಯ ಮುಂದಿರಿಸಿದ. ರಾತ್ರಿ ತುಲಾ ಮಾಸದ ಗುಡುಗು ಮಿಂಚು ಆರಂಭವಾಯಿತು. ಹಿಂಗಾರಿನ ಆ ಸಿಡಿಲಮಳೆಯಲ್ಲಿ ಮರದ ಕೊಂಬೆ ಮುರಿದು ಬಿದ್ದು ತಂತಿ ಕಡಿಯುವುದು ಅಲ್ಲಿ ಅಪರೂಪವಲ್ಲ. ಹುಡುಗನಿಗೆ ನಿದ್ದೆ ಬರಲಿಲ್ಲ. ಎದ್ದು ಹೋಗೋಣವೆಂದರೆ ಆಯುಧಗಳು ಪೂಜೆಯಲ್ಲಿವೆ. ದಶಮಿಯ ಬೆಳಗಿನವರೆಗೆ ಮುಟ್ಟುವಂತಿಲ್ಲ. ವ್ರತವೇ ತಡೆಯುತ್ತಿರುವಾಗ ತನ್ನ ದೋಷವೇನು?

ಶಾಸ್ತ್ರಜ್ಞರ ಸಭೆಯಲ್ಲಿ ಈ ಪ್ರಶ್ನೆಯನ್ನಿಟ್ಟರೆ ಎರಡು ಪಕ್ಷಗಳಾಗುವುದು ಸಹಜ. ವಿರಾಟಪರ್ವದ ಶಮೀವೃಕ್ಷವನ್ನು ಒಬ್ಬರು ನೆನೆಯುವರು. ಶವದಂತೆ ಕಟ್ಟಿ ತೂಗುಹಾಕಿದ್ದ ಆಯುಧಗಳನ್ನು ಅರ್ಜುನನು ಉತ್ತರನಿಂದ ಇಳಿಸಿದ್ದು ಗೋವುಗಳನ್ನು ಶತ್ರುಗಳು ಅಟ್ಟಿಕೊಂಡು ಹೋಗುತ್ತಿದ್ದುದರಿಂದ. ಒದಗಿದ ಆಪತ್ತೇ ಅಲ್ಲಿ ಮುಹೂರ್ತವಾಯಿತು. ಇನ್ನೊಬ್ಬರು ಹನ್ನೆರಡನೆಯ ಶತಮಾನದ ನುಲಿಯ ಚಂದಯ್ಯನನ್ನು ತರುವರು. ಹಗ್ಗ ಹೊಸೆಯುವ ಹುಲ್ಲನ್ನು ಕೊಯ್ಯುತ್ತಿರುವಾಗ ಇಷ್ಟಲಿಂಗವೇ ಜಾರಿ ನೀರಿಗೆ ಬಿದ್ದರೂ ಆ ಶರಣನು ಕಾಯಕವನ್ನು ನಿಲ್ಲಿಸಲಿಲ್ಲವೆಂಬ ಐತಿಹ್ಯ ಪ್ರಸಿದ್ಧವಾದುದು. ವ್ರತವನ್ನು ಮುರಿಯಬಾರದು, ವಿನಾಯಿತಿ ಕೊಡುತ್ತ ಹೋದರೆ ಆಚಾರವೇ ಉಳಿಯದು ಎನ್ನುವವರ ಮಾತಿನಲ್ಲೂ ಹುರುಳಿದೆ. ಆದರೆ ಈ ಹುಡುಗನಿಗೆ ಅರ್ಜುನನ ಉದಾಹರಣೆಯಾಗಲಿ ಚಂದಯ್ಯನ ಉದಾಹರಣೆಯಾಗಲಿ ಪೂರ್ತಿ ಒಪ್ಪುವುದಿಲ್ಲ. ಗೋವುಗಳನ್ನು ಅಟ್ಟಿದವನು ಅರ್ಜುನನಲ್ಲ. ಚಂದಯ್ಯನ ಹಗ್ಗದಲ್ಲಿ ಕಳ್ಳ ಎಳೆಯಿರಲಿಲ್ಲ. ಇಲ್ಲಿ ಆಪತ್ತನ್ನು ಒಡ್ಡಿದ ಕೈಯೇ ಪೂಜೆಯನ್ನೂ ಮಾಡಿತ್ತು.

ಕಡೆಗೆ ಅವನು ಆಶಾನನಿಗೆ ಫೋನು ಮಾಡಿ, ತಡವರಿಸುತ್ತ ನಡೆದುದನ್ನೆಲ್ಲ ಹೇಳಿ, ಪೂಜೆಗಿಟ್ಟ ಚೀಲವನ್ನು ಎತ್ತಿಕೊಳ್ಳಬಹುದೇ ಎಂದು ಕೇಳಿದ. ಅತ್ತಲಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಆಶಾನ್ ಹೇಳಿದ:

“ಚೀಲ ಅಲ್ಲೇ ಇರಲಿ, ಮೋನೇ. ಆ ಗ್ರೈಂಡರಿನ ಪ್ಲಗ್ಗು ಕೀಳಲು ಯಾವ ಸ್ಕ್ರೂಡ್ರೈವರು ಬೇಕು? ನಾಲಿಗೆಯನ್ನೂ ಪೂಜೆಗಿಟ್ಟಿದ್ದೀಯೇನು?”

ಹುಡುಗನ ತೊಡಕೆಲ್ಲ ಎಲ್ಲಿತ್ತೆಂಬುದು ಈ ಮಾತಿನಿಂದ ಬಯಲಾಯಿತು. ಅಂದು ರಾತ್ರಿ ಬೇಕಾಗಿದ್ದುದು ಇಕ್ಕಳವಲ್ಲ, ಅಂಗಳ ಅಗೆಯುವ ಹಾರೆಯೂ ಅಲ್ಲ. ಹೋಗಿ, ತಾನು ಮಾಡಿದ್ದು ತಪ್ಪೆಂದು ಹೇಳಿ, ಪ್ಲಗ್ಗನ್ನು ಕಿತ್ತಿಟ್ಟರೆ ಸಾಕಿತ್ತು. ಸ್ವಿಚ್ಚು ಆರಿಸಿದರೆ ಸಾಲದು. ಅದು ಕಡಿಯುವುದು ಫೇಸನ್ನು ಮಾತ್ರ, ನ್ಯೂಟ್ರಲ್‌ನ ನಂಟು ಹಾಗೆಯೇ ಉಳಿಯುತ್ತದೆ. ಇಷ್ಟು ಸರಳವಾದ ದಾರಿ ಅವನಿಗೆ ಹೊಳೆಯದಿದ್ದುದು ದಡ್ಡತನದಿಂದಲ್ಲ. ಚಹಾ ಕೊಟ್ಟು ಮಗನೇ ಎಂದವಳ ಮುಂದೆ ನಿಂತು ತನ್ನ ಮೋಸವನ್ನು ತಾನೇ ನುಡಿಯುವ ನಾಚಿಕೆಗಿಂತ ವ್ರತಭಂಗದ ಭಯ ಹೆಚ್ಚು ಗೌರವವುಳ್ಳದ್ದಾಗಿ ಕಂಡಿತು. ಆಚಾರಗಳ ಹಿಂದೆ ಇಂಥ ನಾಚಿಕೆಗಳು ಅಡಗಿ ಕೂರುವುದು ಹುಡುಗರಲ್ಲಿ ಮಾತ್ರವೇ ಅಲ್ಲ. ಏಕಾದಶಿಯ ಉಪವಾಸವನ್ನು ಮುಂದೊಡ್ಡಿ ಸಾಲಗಾರನ ಮುಖ ತಪ್ಪಿಸುವ ಹಿರಿಯರೂ ಲೋಕದಲ್ಲುಂಟು. ದೇವಿಯ ಮುಂದಿಟ್ಟ ಟೆಸ್ಟರು ನಿಷ್ಪಾಪಿ. ತೋರಿಸಿದಷ್ಟನ್ನು ಅದು ಹೇಳಿತ್ತು. ತೋರಿಸಬೇಕಾದ ಜಾಗವನ್ನು ಹುಡುಗ ಅದಕ್ಕೆ ತೋರಿಸಿರಲಿಲ್ಲ.

ಮಳೆಯಲ್ಲಿ ನೆನೆಯುತ್ತ ಅವನು ಹೋದ. ವೃದ್ಧೆ ಬಾಗಿಲು ತೆರೆದಳು. ದೇವರ ಕೋಣೆಯಲ್ಲಿ ಪುಸ್ತಕಗಳ ಮುಂದೆ ಇನ್ನೂ ದೀಪ ಉರಿಯುತ್ತಿತ್ತು. “ಅಮ್ಮಾ, ಮಧ್ಯಾಹ್ನ ನಾನು ಸರಿಮಾಡಿದ್ದೇನೆ ಎಂದದ್ದು ಸುಳ್ಳು” ಎಂದು ಹೇಳಿ, ಒಳಗೆ ಹೋಗಿ, ಪ್ಲಗ್ಗನ್ನು ಕಿತ್ತು ತಂತಿಯನ್ನು ಯಂತ್ರದ ಮೇಲೆ ಸುತ್ತಿಟ್ಟ. ಹೆಚ್ಚಿನ ಐವತ್ತು ರೂಪಾಯಿಯನ್ನು ಮೇಜಿನ ಮೇಲಿಟ್ಟಾಗ ಆಕೆ ಅದನ್ನು ತೆಗೆದುಕೊಳ್ಳಲೂ ಇಲ್ಲ, ಬೇಡವೆನ್ನಲೂ ಇಲ್ಲ. ಬೇರೆ ಯಾವ ಯಾವ ಮನೆಗಳಲ್ಲಿ ಹೀಗೆ ಮಾಡಿದ್ದೀಯೆ ಎಂದು ಮಾತ್ರ ಕೇಳಿದಳು. ಅವನು ನೆನಪಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ವಿಜಯದಶಮಿಯ ಬೆಳಗ್ಗೆ ಚಿಕ್ಕ ಮಕ್ಕಳು ಅಕ್ಕಿಯ ಮೇಲೆ ಬೆರಳಿಟ್ಟು ಹರಿಶ್ರೀ ಬರೆಯುವ ಹೊತ್ತಿಗೆ, ಆಶಾನನೂ ಹುಡುಗನೂ ಚೀಲವನ್ನು ಪೂಜೆಯಿಂದೆತ್ತಿಕೊಂಡು ಆ ಅಂಗಳಕ್ಕೆ ಬಂದರು. ಬಿಲ್ಲೆಗಳನ್ನು ಎಬ್ಬಿಸಿ ಅಗೆದಾಗ ಕರಗಿಹೋದ ಉಪ್ಪು, ಒಣಗಿದ ಇದ್ದಲು, ತುಕ್ಕು ತಿಂದು ಕಳಚಿದ ಹಿಡಿಕೆ, ಎಲ್ಲವೂ ಕಂಡವು. ಹೊಸ ತಂತಿ ಬಿಗಿದು ಗುಂಡಿಗೆ ನೀರು ಹೊಯ್ಯುವುದರೊಳಗೆ ಮಧ್ಯಾಹ್ನವಾಯಿತು. ಸಾಕೆಟ್ಟಿನೊಳಗಿನ ಗೇಣು ತಂತಿಯನ್ನು ತೆಗೆಯುವ ಮೊದಲು ಹುಡುಗ ಪಡಸಾಲೆಗೆ ಹೋಗಿ, ಪ್ರವಾಹವಿದೆಯೆಂದು ತಿಳಿದಿದ್ದ ಬೇರೊಂದು ಸಾಕೆಟ್ಟಿಗೆ ಟೆಸ್ಟರ್ ಮುಟ್ಟಿಸಿ ನೋಡಿದ. ಗಂಧದ ಕಲೆ ಇನ್ನೂ ಅದರ ಮೇಲಿತ್ತು. ಅದು ಮಿನುಗಿತು. ಮಡಿಸಿದ ಒಂದು ಚೀಟಿ ಅವನ ಜೇಬಿನಲ್ಲಿತ್ತು. ಅದರಲ್ಲಿ ಇನ್ನೂ ನಾಲ್ಕು ಮನೆಗಳ ವಿಳಾಸಗಳಿದ್ದವು.