ಸತೀರ್ಥ್ಯರ ಋಣ

ಈಚಿನ ವರ್ಷಗಳಲ್ಲಿ ನಮ್ಮ ವಾಚಕರ ಮನೆಗಳಿಗೆ, ಅದರಲ್ಲಿಯೂ ಅರವತ್ತನ್ನು ದಾಟಿದ ಹಿರಿಯರಿರುವ ಮನೆಗಳಿಗೆ, ಹೊಸ ಬಗೆಯ ಕರೆಯೊಂದು ಬರುತ್ತಿದೆ. ಅದು ಮದುವೆಯದಲ್ಲ, ಮುಂಜಿವೆಯದಲ್ಲ. ಹುಟ್ಟೂರಿನ ಹೈಸ್ಕೂಲಿನಲ್ಲಿ ಕೂಡಿ ಕಲಿತವರು ನಾಲ್ಕೈದು ದಶಕಗಳ ಅನಂತರ ಒಂದು ದಿನದ ಮಟ್ಟಿಗೆ ಒಂದೆಡೆ ಸೇರೋಣವೆಂಬ ಕರೆ. ಊರಿನಲ್ಲಿಯೇ ಉಳಿದ ಯಾರೋ ಇಬ್ಬರು ಉತ್ಸಾಹಿಗಳು ಶಾಲೆಯ ಹಳೆಯ ಹಾಜರಿ ಪುಸ್ತಕವನ್ನು ಹುಡುಕಿಸಿ ಹೆಸರುಗಳನ್ನು ಬರೆದುಕೊಳ್ಳುತ್ತಾರೆ. ಮೊಬೈಲಿನಲ್ಲಿ ವಾಟ್ಸಾಪ್ ಬಳಗವೊಂದು ಏರ್ಪಡುತ್ತದೆ. ದಿನವೂ ವಂತಿಗೆಯೂ ಗೊತ್ತಾಗುತ್ತವೆ. ಬದುಕಿರುವ ಗುರುಗಳಿಗೆ ಶಾಲು, ಫಲತಾಂಬೂಲ. ಅಗಲಿದವರಿಗಾಗಿ ಎರಡು ನಿಮಿಷದ ಮೌನ. ಪರಿಚಯ, ಊಟ, ಎಲ್ಲರೂ ನಿಂತು ಒಂದು ಭಾವಚಿತ್ರ. ಸಂಜೆಗೆ ಪುಣೆಯವರು ಪುಣೆಯ ಗಾಡಿಗೆ, ಹೈದರಾಬಾದಿನವರು ಹೈದರಾಬಾದಿನ ಬಸ್ಸಿಗೆ.

ಇಂತಹ ಕೂಟ ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ಗುರುವಂದನೆಯ ನೆಪದಿಂದಲಾದರೂ ಮುಪ್ಪಿನಲ್ಲಿರುವ ಮಾಸ್ತರರೊಬ್ಬರ ಕಣ್ಣು ತೇವಗೊಂಡರೆ ಅಷ್ಟೇ ಸಾರ್ಥಕ. ಆದರೆ ವಿವೇಕಿಗಳು ಅಲ್ಲಿಗೆ ಹೊರಡುವ ಮುನ್ನ ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಐವತ್ತು ವರ್ಷಗಳ ಅನಂತರ ನಾವು ಪರಸ್ಪರ ಏನಾಗಬೇಕು? ರಕ್ತಸಂಬಂಧವಿಲ್ಲ, ನೆರೆಹೊರೆಯಿಲ್ಲ, ವ್ಯವಹಾರವಿಲ್ಲ. ಉಳಿದಿರುವುದೇನು?

ಸಂಸ್ಕೃತದಲ್ಲಿ ಸಹಪಾಠಿಗೆ ‘ಸತೀರ್ಥ್ಯ’ ಎಂಬ ಸುಂದರವಾದ ಹೆಸರಿದೆ. ಪಾಣಿನಿಯೇ ಈ ಶಬ್ದವನ್ನು ಸಾಧಿಸಿ ಕೊಟ್ಟಿದ್ದಾನೆ. ಒಂದೇ ತೀರ್ಥದಲ್ಲಿ, ಎಂದರೆ ಒಬ್ಬನೇ ಗುರುವಿನಲ್ಲಿ, ವಾಸಮಾಡಿದವರು ಎಂಬುದು ಇದರ ಅರ್ಥ. ತೀರ್ಥವೆಂದರೆ ನೀರಿಗೆ ಇಳಿಯುವ ಸೋಪಾನವೂ ಹೌದಷ್ಟೆ. ಒಂದೇ ಮೆಟ್ಟಿಲಿನಿಂದ ಇಳಿದು ಒಂದೇ ನೀರನ್ನು ಬೊಗಸೆಯಲ್ಲಿ ತುಂಬಿಕೊಂಡವರು ಸತೀರ್ಥ್ಯರು. ಬೊಗಸೆಗಳು ಬೇರೆ ಬೇರೆ ಗಾತ್ರದವಾಗಿದ್ದವು. ಕೆಲವರ ಬೆರಳ ಸಂದಿನಿಂದ ನೀರು ಸೋರಿಹೋಯಿತು. ಆದರೆ ಕೊಟ್ಟ ಕೈ ಒಂದೇ. ಆದಕಾರಣ ಸಹಪಾಠಿಗಳ ನಡುವಿನ ಬಂಧಕ್ಕೆ ಸಮಾನತೆಯು ಕಾರಣವಲ್ಲ. ಒಂದೇ ಕೈಯಿಂದ ಹಂಚಿಕೊಂಡು ಪಡೆದದ್ದೇ ಕಾರಣ.

ಈ ಮಾತನ್ನು ಮರೆತುದರಿಂದ ಆದ ಅನರ್ಥವನ್ನು ಮಹಾಭಾರತದ ಆದಿಪರ್ವವು ಹೇಳುತ್ತದೆ. ದ್ರೋಣರೂ ದ್ರುಪದನೂ ಬಾಲ್ಯದಲ್ಲಿ ಕೂಡಿ ಆಡಿದವರು, ಕೂಡಿ ಕಲಿತವರು. ನಾನು ಅರಸನಾದಾಗ ನನ್ನ ರಾಜ್ಯಭೋಗ ನಿನ್ನದೂ ಹೌದೆಂದು ದ್ರುಪದನು ಹುಡುಗತನದ ಉಲ್ಲಾಸದಲ್ಲಿ ಮಾತು ಕೊಟ್ಟಿದ್ದನು. ಕಾಲ ಕಳೆಯಿತು. ಮಗನಿಗೆ ಹಾಲಿಲ್ಲದ ಬಡತನದಲ್ಲಿ ದ್ರೋಣರು ಪಾಂಚಾಲದ ಆಸ್ಥಾನಕ್ಕೆ ಹೋಗಿ ‘ಸಖ’ ಎಂದು ಕರೆದರು. ದ್ರುಪದನಾದರೋ, ಸಖ್ಯವು ಸಮಾನರಲ್ಲಿ ಮಾತ್ರ, ರಾಜನಿಗೆ ದರಿದ್ರನು ಸಖನಾಗಲಾರನು ಎಂದು ಹೇಳಿ ಕಳುಹಿದನು. ಮುಂದೆ ಅರ್ಜುನನು ದ್ರುಪದನನ್ನು ಸೆರೆಹಿಡಿದು ತಂದು ಗುರುದಕ್ಷಿಣೆಯಾಗಿ ಒಪ್ಪಿಸಿದಾಗ, ದ್ರೋಣರು ಗಂಗೆಯ ಉತ್ತರದ ಅರ್ಧರಾಜ್ಯವನ್ನು ತಾವಿಟ್ಟುಕೊಂಡು, ಈಗ ನಾವಿಬ್ಬರೂ ಸಮಾನರು, ಸಖರಾಗಬಹುದು ಎಂದರು. ಅಲ್ಲಿಂದ ದ್ರುಪದನ ಯಜ್ಞ, ಧೃಷ್ಟದ್ಯುಮ್ನನ ಜನನ, ಕುರುಕ್ಷೇತ್ರದ ಹದಿನೈದನೆಯ ದಿನ ದ್ರೋಣರ ಶಿರಶ್ಛೇದ. ಇಬ್ಬರು ಸಹಪಾಠಿಗಳ ಪುನರ್ಮಿಲನವು ಒಂದು ಮಹಾಯುದ್ಧಕ್ಕೆ ಕಟ್ಟಿಗೆಯಾಯಿತು. ಸೂಕ್ಷ್ಮವಾಗಿ ನೋಡಿದರೆ ಇಬ್ಬರೂ ಲೆಕ್ಕವನ್ನೇ ಹಿಡಿದು ಬಂದವರು. ಒಬ್ಬನದು ಇಂದಿನ ಸಂಪತ್ತಿನ ಲೆಕ್ಕ. ಇನ್ನೊಬ್ಬರದು ಅಂದಿನ ಮಾತಿನ ಲೆಕ್ಕ.

ದ್ರುಪದನ ಸಿದ್ಧಾಂತಕ್ಕೆ ಉತ್ತರವು ಭಾಗವತದ ದಶಮಸ್ಕಂಧದಲ್ಲಿದೆ. ಜಗದೊಡೆಯನಿಗೂ ಹರಕು ಬಟ್ಟೆಯ ಬ್ರಾಹ್ಮಣನಿಗೂ ಎಲ್ಲಿಯ ಸಾಮ್ಯ? ಸಾಮ್ಯವಿಲ್ಲವೆಂಬುದರಲ್ಲಿ ನಮ್ಮ ಸಿದ್ಧಾಂತದವರಿಗಂತೂ ಲವಲೇಶದ ಸಂಶಯವಿರಲಾರದು. ಆದರೂ ಸಾಂದೀಪನಿಯ ಆಶ್ರಮದ ಸಹಪಾಠಿಯನ್ನು ಕಂಡೊಡನೆ ಶ್ರೀಕೃಷ್ಣನು ಪರ್ಯಂಕದಿಂದ ಇಳಿದು ಬಂದು ಅಪ್ಪಿಕೊಂಡನು, ಕಾಲು ತೊಳೆದನು, ಕೈಹಿಡಿದು ಕುಳ್ಳಿರಿಸಿ ಹಳೆಯ ಮಾತೆತ್ತಿದನು. ಗುರುಪತ್ನಿಯು ಕಟ್ಟಿಗೆಗೆ ಕಳುಹಿದ ಆ ದಿನ, ಕಾಡಿನಲ್ಲಿ ಬಿರುಗಾಳಿ ಮಳೆ, ಕತ್ತಲಲ್ಲಿ ಒಬ್ಬರ ಕೈಯನ್ನೊಬ್ಬರು ಹಿಡಿದು ಅಲೆದದ್ದು, ಬೆಳಗಾದ ಮೇಲೆ ಗುರುಗಳೇ ಹುಡುಕಿಕೊಂಡು ಬಂದದ್ದು. ಅವನು ನೆನಪಿಸಿದ್ದು ತನ್ನ ವೈಭವವನ್ನಲ್ಲ, ಇಬ್ಬರೂ ಕೂಡಿ ನೆನೆದ ಮಳೆಯನ್ನು. ಅಸಮಾನರಲ್ಲಿಯೂ ಸಖ್ಯವಿರಬಲ್ಲುದು, ಆದರೆ ಮೇಲಿರುವವನು ಮೊದಲು ಇಳಿದು ಬರಬೇಕು.

ಈ ಕಥೆಗೆ ಉತ್ತರ ಭಾರತದಲ್ಲಿ ಇನ್ನೊಂದು ಎಳೆ ಸೇರಿದೆ. ಮುಂಬಯಿ, ದೆಹಲಿಗಳಲ್ಲಿ ಹಿಂದಿಯ ಕಥಾಪ್ರವಚನಗಳನ್ನು ಕೇಳಿದ ವಾಚಕರಿಗೆ ಅದು ತಿಳಿದಿರಬಹುದು. ಕಟ್ಟಿಗೆಗೆ ಹೊರಟಾಗ ಗುರುಪತ್ನಿಯು ಇಬ್ಬರಿಗೂ ಸೇರಿ ಕಡಲೆ ಕೊಟ್ಟಿದ್ದಳೆಂದೂ, ಸುದಾಮನು ಕತ್ತಲಲ್ಲಿ ಮಿತ್ರನ ಪಾಲನ್ನೂ ತಾನೇ ತಿಂದನೆಂದೂ, ಆ ದೋಷವೇ ಮುಂದೆ ದಾರಿದ್ರ್ಯವಾಗಿ ಬಂದಿತೆಂದೂ ಅಲ್ಲಿ ಹೇಳುತ್ತಾರೆ. ಮೂಲ ಭಾಗವತದಲ್ಲಿ ಇದಿಲ್ಲ. ಆದರೂ ಮಾಟುಂಗಾದಲ್ಲಿ ಒಂದು ಸಂಜೆ ಇದನ್ನು ಮೊದಲ ಬಾರಿ ಕೇಳಿದಂದು ನಮಗೆ ನಿದ್ರೆ ಬರಲಿಲ್ಲ. ಕಾರಣವನ್ನು ಹೇಳಿಬಿಡುವುದೇ ಲೇಸು.

ಅಂದಿನ ಅವಿಭಕ್ತ ಧಾರವಾಡ ಜಿಲ್ಲೆಯ ಒಂದು ಊರಿನಲ್ಲಿ ನಾವು ೧೯೭೫ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತೆವು. ಪುಸ್ತಕ ಕೊಳ್ಳುವ ಅನುಕೂಲ ಮನೆಯಲ್ಲಿರಲಿಲ್ಲ. ಬಡ ವಿದ್ಯಾರ್ಥಿಗಳಿಗೆಂದು ಶಾಲೆಯಲ್ಲಿದ್ದ ಪುಸ್ತಕಗಳಲ್ಲಿ ಗಣಿತದ ಒಂದು ಪ್ರತಿಯನ್ನು ಮಾಸ್ತರರು ನಮಗೂ ಇನ್ನೊಬ್ಬ ಹುಡುಗನಿಗೂ ಕೂಡಿ ಕೊಟ್ಟರು. ಒಂದು ವಾರ ನಮ್ಮಲ್ಲಿ, ಒಂದು ವಾರ ಅವನಲ್ಲಿ. ಪರೀಕ್ಷೆಗೆ ಒಂದು ತಿಂಗಳಿರುವಾಗ ನಮಗೆ ದುರ್ಬುದ್ಧಿ ಬಂದಿತು. ಪುಸ್ತಕ ಕಳೆದುಹೋಯಿತೆಂದು ಅವನಿಗೆ ಸುಳ್ಳು ಹೇಳಿ, ಟ್ರಂಕಿನ ತಳದಲ್ಲಿ ಬಚ್ಚಿಟ್ಟು, ರಾತ್ರಿ ಕಂದೀಲಿನ ಬೆಳಕಿನಲ್ಲಿ ಒಬ್ಬರೇ ಓದಿದೆವು. ಅವನು ಗಣಿತವೊಂದರಲ್ಲಿಯೇ ನಪಾಸಾದನು. ಅಕ್ಟೋಬರಿನಲ್ಲಿ ಮತ್ತೆ ಕೂಡಬಹುದಿತ್ತು. ಅಷ್ಟರಲ್ಲಿ ಹತ್ತಿಯ ಗಿರಣಿಯಲ್ಲಿ ದುಡಿಯುತ್ತಿದ್ದ ಅವನ ತಂದೆ ಅವನನ್ನು ಒಂದು ಅಡತಿ ಅಂಗಡಿಗೆ ಹಚ್ಚಿದ್ದರು. ನಾವು ಮೀರಜದಲ್ಲಿ ಸಣ್ಣ ಗಾಡಿ ಇಳಿದು ದೊಡ್ಡ ಗಾಡಿ ಹತ್ತಿ ಬೊಂಬಾಯಿಗೆ ಬಂದೆವು. ನೌಕರಿ, ಮನೆ, ಮಕ್ಕಳ ವಿದ್ಯೆ, ಎಲ್ಲವೂ ಆಯಿತು. ನಮ್ಮ ಪಾಲಿಗೆ ಕಡಲೆಯ ಕಥೆ ತಲೆಕೆಳಗಾಗಿತ್ತು. ಬಚ್ಚಿಟ್ಟು ತಿಂದವರಿಗೆ ಸಂಪತ್ತು ಬಂದಿತ್ತು. ಪಾಲು ಕಳೆದುಕೊಂಡವನಿಗೆ ಬಡತನ ಉಳಿದಿತ್ತು.

೨೦೨೫ರಲ್ಲಿ ಐವತ್ತು ವರ್ಷ ತುಂಬಿದ ನಿಮಿತ್ತ ಕೂಟದ ಕರೆ ಬಂದಾಗ ಎದುರಾದ ಧರ್ಮಸಂಕಟ ಇದು. ಅವನಿಗೆ ನಿಜವನ್ನು ಹೇಳಬೇಕೇ, ಹೇಳಬಾರದೇ?

ಹೇಳಬೇಕೆಂಬುದಕ್ಕೆ ಪ್ರಮಾಣವಿದೆ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಪಾಪದಿಂದ ಬಿಡುಗಡೆಯ ಉಪಾಯಗಳನ್ನು ಎಣಿಸುವಾಗ ಪಶ್ಚಾತ್ತಾಪದೊಡನೆ, ಮಾಡಿದ್ದನ್ನು ಬಾಯಿಬಿಟ್ಟು ಹೇಳುವುದನ್ನೂ ಸೇರಿಸಿದೆ. ಹೇಳಬಾರದೆಂಬುದಕ್ಕೂ ಆಧಾರ ಸಿಕ್ಕಿತು. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಭಗವಂತನು ವಾಙ್ಮಯ ತಪಸ್ಸನ್ನು ಹೇಳುವಾಗ ಮಾತು ಸತ್ಯವಾಗಿದ್ದರಷ್ಟೇ ಸಾಲದು, ಕೇಳುವವನನ್ನು ಉದ್ವೇಗಗೊಳಿಸದಂತೆಯೂ ಹಿತವಾಗಿಯೂ ಇರಬೇಕೆಂದಿದ್ದಾನೆ. ಅರವತ್ತಾರರ ವಯಸ್ಸಿನ ಮನುಷ್ಯನಿಗೆ, ನಿನ್ನ ಬಾಳಿನ ದಾರಿಯನ್ನು ತಿರುಗಿಸಿದವರು ನಾವು ಎಂದು ಹೇಳಿದರೆ ಹಿತ ಯಾರಿಗೆ? ಭಾರ ನಮ್ಮ ಎದೆಯಿಂದಿಳಿದು ಅವನ ಎದೆಯನ್ನು ಏರುವುದಿಲ್ಲವೇ? ಪುಸ್ತಕವಿದ್ದಿದ್ದರೆ ಅವನು ಪಾಸಾಗುತ್ತಿದ್ದನೆಂಬುದಕ್ಕೆ ನಿಶ್ಚಯವಾದರೂ ಏನು? ಶಾಲೆಗೆ ದೊಡ್ಡ ಮೊತ್ತವೊಂದನ್ನು ದಾನವಿತ್ತು ಸುಮ್ಮನಿರಬಾರದೇಕೆ?

ಹೀಗೆ ಎರಡು ತಿಂಗಳು ತರ್ಕಿಸಿದ ಮೇಲೆ ಒಂದು ಸಂಗತಿ ಹೊಳೆಯಿತು. ಹೇಳಬಾರದೆಂಬ ಪಕ್ಷಕ್ಕೆ ನಮ್ಮ ಬುದ್ಧಿಯು ಒದಗಿಸುತ್ತಿದ್ದ ಯುಕ್ತಿಗಳೆಲ್ಲವೂ ನಮಗೆ ಅನುಕೂಲವಾದವುಗಳೇ ಆಗಿದ್ದವು. ಅವನ ಹಿತದ ಚಿಂತೆ ಐವತ್ತು ವರ್ಷ ಬಾರದೆ ಈಗಲೇ ಏಕೆ ಬಂದಿತು? ಕಳ್ಳನು ತನ್ನ ಮೌನಕ್ಕೆ ಕರುಣೆಯೆಂದು ಹೆಸರಿಡುವುದು ಸುಲಭ. ಶಾಸ್ತ್ರವಾಕ್ಯವನ್ನು ನಾವು ಕನ್ನಡಿಯಾಗಿ ಹಿಡಿದಿದ್ದೇವೆಯೋ, ಗುರಾಣಿಯಾಗಿ ಹಿಡಿದಿದ್ದೇವೆಯೋ ಎಂಬುದನ್ನು ನಾವೇ ಪರೀಕ್ಷಿಸಿಕೊಳ್ಳಬೇಕು.

ಕೂಟದ ದಿನ ಬೆಳಗ್ಗೆ ಶಾಲೆಯ ಬಾಗಿಲಲ್ಲಿ ಮೇಜು ಹಾಕಿಕೊಂಡು ವಂತಿಗೆ ಪಡೆದು ರಸೀದಿ ಬರೆಯುತ್ತಿದ್ದವನು ಅವನೇ. ಗಣಿತದಲ್ಲಿ ನಪಾಸಾದವನು ನಾಲ್ವತ್ತು ವರ್ಷ ಗುಮಾಸ್ತನಾಗಿ ಊರಿಗೇ ಲೆಕ್ಕದಲ್ಲಿ ಬೇಕಾದವನಾಗಿದ್ದನು. ನಮ್ಮನ್ನು ನೋಡಿ ಎದ್ದು ನಿಂತು, “ಬರ್ರಿ ರಾಯರ, ಯಾವಾಗ ಬಂದ್ರಿ?” ಎಂದನು. ಒಂದೇ ಬೆಂಚಿನಲ್ಲಿ ಕುಳಿತವನ ಬಾಯಲ್ಲಿ ಬಹುವಚನ! ಆ ಗೌರವ ನಮಗೆ ಸಲ್ಲತಕ್ಕದ್ದಲ್ಲವೆಂಬುದು ನಮಗೊಬ್ಬರಿಗೇ ಗೊತ್ತು.

ಪರಿಚಯದ ಕಾರ್ಯಕ್ರಮದಲ್ಲಿ ಒಬ್ಬೊಬ್ಬರೂ ಎದ್ದು ಹುದ್ದೆ, ಮಕ್ಕಳು, ಮಕ್ಕಳಿರುವ ದೇಶ ಇವುಗಳನ್ನು ಹೇಳಿದರು. ಅವನ ಸರದಿ ಬಂದಾಗ ಹೆಸರನ್ನಷ್ಟೇ ಹೇಳಿ ಕುಳಿತನು. ಊಟಕ್ಕೆ ಮುಂಚೆ ಹಿತ್ತಲಿನ ಬೇವಿನ ಮರದ ಕೆಳಗೆ ಅವನೊಬ್ಬನೇ ಚಿಲ್ಲರೆ ಎಣಿಸುತ್ತಿದ್ದಾಗ ಹೋಗಿ, ಕೈಮುಗಿದು, ಆದದ್ದನ್ನು ಆದಂತೆ ಹೇಳಿದೆವು. ಕ್ಷಮಿಸು ಎನ್ನಲಿಲ್ಲ, ಹಾಗೆನ್ನುವುದೂ ಮತ್ತೊಂದು ಬೇಡಿಕೆಯೇ ಎನಿಸಿತು. ಶಾಲೆಗೆ ಅವನ ಹೆಸರಿನಲ್ಲಿ ಹಣ ಕೊಡುವ ಇಚ್ಛೆಯನ್ನು ಮಾತ್ರ ತಿಳಿಸಿದೆವು.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದನು: “ನಾ ಓದಲಿಲ್ಲಂತನ ನಮ್ಮಪ್ಪ ಸಾಯೂತನಕಾ ತಿಳಕೊಂಡಿದ್ದ. ಅಂವ ಇದ್ದಾಗ ಬಂದು ಹೇಳಬೇಕಾಗಿತ್ತು.”

ನಮ್ಮ ಎರಡು ತಿಂಗಳ ತರ್ಕದಲ್ಲಿ ಆ ತಂದೆಯ ನೆನಪು ಒಮ್ಮೆಯೂ ಬಂದಿರಲಿಲ್ಲ. ಒಂದು ಪುಸ್ತಕದ ಲೆಕ್ಕವೆಂದು ತಿಳಿದಿದ್ದೆವು. ಅದು ತಂದೆ ಮಗನ ನಡುವಿನ ವಿಶ್ವಾಸದ ಲೆಕ್ಕವಾಗಿತ್ತು. ಅದನ್ನು ತೀರಿಸಿಕೊಳ್ಳಬೇಕಾದ ಒಬ್ಬರು ಈಗ ಇಲ್ಲವೇ ಇಲ್ಲ.

ಅವನು ಚಿಲ್ಲರೆಯನ್ನು ಚೀಲಕ್ಕೆ ಹಾಕಿ ಕಟ್ಟಿದನು. “ಸಾಲಿಗೆ ಕೊಡೋದಿದ್ರ ಕೊಡು. ನನ್ನ ಲೆಕ್ಕಕ್ಕ ಹಚ್ಚಬ್ಯಾಡ” ಎಂದನು. ತುಸು ತಡೆದು, “ನಡಿ, ಎಲಿ ಹಾಕ್ಯಾರ” ಎಂದು ಮುಂದೆ ನಡೆದನು. ಬೆಳಗಿನ ‘ಬರ್ರಿ’ ಹೋಗಿ ‘ನಡಿ’ ಬಂದಿತ್ತು. ಅದು ಕ್ಷಮೆಯೋ, ಅಲ್ಲವೋ, ನಾವು ಕೇಳಲಿಲ್ಲ. ಆದರೆ ಐವತ್ತು ವರ್ಷಗಳಲ್ಲಿ ಮೊದಲ ಬಾರಿ ನಾವಿಬ್ಬರೂ ಒಂದೇ ನೆಲದ ಮೇಲೆ ನಿಂತಿದ್ದೆವೆಂಬುದು ಮಾತ್ರ ನಿಜ.

ವಾಚಕ ಬಂಧುಗಳಲ್ಲಿ ಇದನ್ನು ನಿವೇದಿಸುತ್ತಿರುವುದು ನಮ್ಮ ಪಶ್ಚಾತ್ತಾಪದ ಪ್ರದರ್ಶನಕ್ಕಾಗಿ ಅಲ್ಲ. ಪರಸ್ಥಳಕ್ಕೆ ಬಂದವರಲ್ಲಿ ಬಹುಮಂದಿ ಹುಟ್ಟೂರನ್ನು ಬಿಟ್ಟ ದಿನ ಹೇಗಿತ್ತೋ ಹಾಗೆಯೇ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತೇವೆ. ಅಲ್ಲಿಯೇ ಉಳಿದವರಿಗಾದರೋ ನಾವು ಮಾಡಿಟ್ಟು ಬಂದದ್ದರ ಫಲವನ್ನು ದಿನದಿನವೂ ಉಣ್ಣುತ್ತ ಐವತ್ತು ವರ್ಷಗಳು ಕಳೆದಿವೆ. ದೂರ ಹೋದವರಿಗೆ ಮರೆಯುವುದು ಸುಲಭ. ಅದೇ ನಮ್ಮ ಅಪಾಯ. ಧರ್ಮದಲ್ಲಿ ದಾನಕ್ಕೆ ದೊಡ್ಡ ಸ್ಥಾನವಿದೆ; ಆದರೆ ದಾನವು ಋಣಕ್ಕೆ ಪ್ರತಿನಿಧಿಯಲ್ಲ. ಒಬ್ಬನಿಗೆ ಸಲ್ಲಬೇಕಾದುದನ್ನು ಸಂಸ್ಥೆಗೆ ಕೊಟ್ಟು ರಸೀದಿ ಪಡೆದರೆ ಆ ಒಬ್ಬನ ಲೆಕ್ಕ ತೀರುವುದಿಲ್ಲ. ಅದನ್ನು ಗುಮಾಸ್ತನೊಬ್ಬನು ನಮಗೆ ಆರು ಶಬ್ದಗಳಲ್ಲಿ ಕಲಿಸಿದನು.

ಕೂಟಗಳಿಗೆ ಅವಶ್ಯವಾಗಿ ಹೋಗೋಣ. ಮೇಲಿರುವವರು ಮೊದಲು ಇಳಿಯೋಣ. ವಂತಿಗೆ ಕೊಡಲಾರದೆ ಬಾರದಿದ್ದವರ ಮನೆಗೆ ಸಂಜೆ ಒಮ್ಮೆ ನಡೆದು ಹೋಗೋಣ. ಟ್ರಂಕಿನ ತಳದಲ್ಲಿ ಏನಾದರೂ ಉಳಿದಿದ್ದರೆ, ಕೂಟದ ದಿನಕ್ಕಾಗಿಯೂ ಕಾಯದೆ, ಅದನ್ನು ಕೇಳಬೇಕಾದ ಕಿವಿಗಳು ಇನ್ನೂ ಇರುವಾಗಲೇ ಹೋಗಿ ಹೇಳೋಣ. ನಾವು ತಡಮಾಡಿದೆವು, ಬೇರೆಯವರಿಗೆ ಹಾಗಾಗದಿರಲಿ.

ಶ್ರೀಕೃಷ್ಣಾರ್ಪಣಮಸ್ತು